ಅಭಾವ ಸಂಗೀತ ಮೀಮಾಂಸೆ

ಶಾಸ್ತ್ರಗ್ರಂಥಗಳು ಮಂಗಳಾಚರಣೆಯಿಂದ ಆರಂಭವಾಗುವುದು ವಾಡಿಕೆ. ಪ್ರಸ್ತುತ ಪ್ರಬಂಧದ ವಿಷಯ ನಿಶ್ಶಬ್ದವಾದ್ದರಿಂದ ಪ್ರಬಂಧಕಾರರು ಮಂಗಳವನ್ನು ಮನಸ್ಸಿನಲ್ಲೇ ಮುಗಿಸಿಕೊಂಡು ನೇರವಾಗಿ ಪೂರ್ವಪಕ್ಷಕ್ಕೆ ಬಂದಿದ್ದಾರೆ.

ಪೂರ್ವಪಕ್ಷ ಹೀಗಿದೆ: ಸದ್ದಿಲ್ಲದ್ದು ಸಂಗೀತವಲ್ಲ, ಸಂಗೀತವಲ್ಲದ್ದಕ್ಕೆ ಕಾಸು ಹುಟ್ಟುವುದಿಲ್ಲ, ಕಾಸು ಹುಟ್ಟದ್ದಕ್ಕೆ ಯಾರೂ ಜಗಳವಾಡುವುದಿಲ್ಲ. ಮೊದಲೆರಡು ಪೂರ್ತಿ ತಪ್ಪು, ಮೂರನೆಯದು ಮುಕ್ಕಾಲು ತಪ್ಪು.

ಪಾಠಶಾಲೆಯ ಹುಡುಗರು ಬಾಯಿಪಾಠ ಮಾಡುವ ಅನ್ನಂಭಟ್ಟನ ತರ್ಕಸಂಗ್ರಹವು ಲೋಕದ ಪದಾರ್ಥಗಳನ್ನು ಏಳೆಂದು ಎಣಿಸಿ, ಕೊನೆಯ ಮಣೆಯ ಮೇಲೆ ‘ಅಭಾವ’ವನ್ನು ಕೂರಿಸುತ್ತದೆ. ಇಲ್ಲದಿರುವುದೂ ಒಂದು ಪದಾರ್ಥ. ಅದರಲ್ಲಿ ನಾಲ್ಕು ಬಗೆ: ಹುಟ್ಟುವ ಮೊದಲಿನ ಪ್ರಾಗಭಾವ, ಹಾಳಾದ ಮೇಲಿನ ಪ್ರಧ್ವಂಸಾಭಾವ, ಮೂರು ಕಾಲಕ್ಕೂ ಇಲ್ಲದ ಅತ್ಯಂತಾಭಾವ, ಇದು ಅದಲ್ಲ ಎನ್ನುವ ಅನ್ಯೋನ್ಯಾಭಾವ. ಅನ್ನಂಭಟ್ಟ ಉದಾಹರಣೆಗೆ ಮಡಕೆ, ಬಟ್ಟೆ ಹಿಡಿದ. ಅವನ ಕಾಲಕ್ಕೆ ಸ್ಪಾಟಿಫೈ ಇದ್ದಿದ್ದರೆ ಮಡಕೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಪ್ರಾಗಭಾವಕ್ಕೆ ಅತ್ಯುತ್ತಮ ನಿದರ್ಶನ ಜರ್ಮನಿಯ ಹಾಲ್ಬರ್‌ಸ್ಟಾಟ್ ಊರಿನ ಬುರ್ಖಾರ್ಡಿ ಚರ್ಚಿನಲ್ಲಿದೆ. ಅಮೆರಿಕದ ಜಾನ್ ಕೇಜ್ ಆರ್ಗನ್‌ಗೆಂದು ಒಂದು ಕೃತಿ ಬರೆದು, ‘ಸಾಧ್ಯವಾದಷ್ಟು ನಿಧಾನವಾಗಿ’ ನುಡಿಸಿರಿ ಎಂದ. ಕನ್ನಡದ ವಿದ್ವಾಂಸರಾಗಿದ್ದರೆ ವಿಳಂಬ ಕಾಲದಲ್ಲಿ ಒಂದು ಗಂಟೆ ಎಳೆದು ಮಂಗಳ ಹಾಡಿ ಊಟಕ್ಕೆ ಏಳುತ್ತಿದ್ದರು. ಜರ್ಮನರು ಮಾತನ್ನು ಅಕ್ಷರಶಃ ಹಿಡಿದರು. ಆ ಊರಿನ ಹಳೆಯ ಪ್ರಸಿದ್ಧ ಆರ್ಗನ್ 1361ರದ್ದು; 2000ದಿಂದ ಅದನ್ನು ಕಳೆದರೆ 639; ಆದ್ದರಿಂದ ಕಛೇರಿ 639 ವರ್ಷ. ಅದು 2001ರ ಸೆಪ್ಟೆಂಬರ್ 5ರಂದು, ಕೇಜ್‌ನ ಜನ್ಮದಿನದಂದು, ಶುರುವಾಯಿತು. ಆದರೆ ಕೃತಿ ಆರಂಭವಾಗುವುದೇ ಒಂದು ವಿರಾಮದಿಂದ! ಹೀಗಾಗಿ ಮೊದಲ ಹದಿನೇಳು ತಿಂಗಳು ಚರ್ಚಿನಲ್ಲಿ ಕೇಳಿದ್ದು ತಿದಿಯ ಉಸಿರು ಮಾತ್ರ. ಮೊದಲ ಸ್ವರ ಹೊರಟಿದ್ದು 2003ರ ಫೆಬ್ರವರಿಯಲ್ಲಿ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತದೆ ತರ್ಕಸಂಗ್ರಹ. ಜರ್ಮನರು ಆದಿಗೂ ತಾರೀಖು ಹಾಕಿ ನೈಯಾಯಿಕರನ್ನು ಪೇಚಿಗೆ ಸಿಕ್ಕಿಸಿದ್ದಾರೆ. 2024ರ ಫೆಬ್ರವರಿ 5ರಂದು ಸ್ವರಮೇಳ ಬದಲಾದಾಗ ಜನ ದೂರದೂರದಿಂದ ಬಂದು ನೆರೆದಿದ್ದರು; ಅದರ ಮುಂದಿನ ಬದಲಾವಣೆಗೆ ಇಟ್ಟ ಮುಹೂರ್ತ 2026ರ ಆಗಸ್ಟ್ 5. ಕೃತಿ ಮುಗಿಯುವುದು 2640ರಲ್ಲಿ. ತನಿಯಾವರ್ತನ ಶುರುವಾದೊಡನೆ ಕಾಫಿಗೆ ಏಳುವ ನಮ್ಮ ರಸಿಕರಿಗೆ ಇಲ್ಲಿ ವಿಪುಲ ಅವಕಾಶವಿದೆ.

ಈ ಶಾಸ್ತ್ರದ ಮೂಲಗ್ರಂಥವೂ ಕೇಜ್‌ನದೇ. 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿಯ ಮರದ ಸಭಾಂಗಣವೊಂದರಲ್ಲಿ ಡೇವಿಡ್ ಟ್ಯೂಡರ್ ಪಿಯಾನೋ ಮುಂದೆ ಕೂತು, ಅದರ ಮುಚ್ಚಳ ಹಾಕಿ, ಗಡಿಯಾರ ನೋಡುತ್ತ ನಾಲ್ಕು ನಿಮಿಷ ಮೂವತ್ಮೂರು ಸೆಕೆಂಡು ಏನನ್ನೂ ನುಡಿಸಲಿಲ್ಲ. ಪುಟಗಳನ್ನು ಮಾತ್ರ ತಪ್ಪದೆ ತಿರುವಿದ. ಮೊದಲ ಭಾಗದಲ್ಲಿ ಗಾಳಿ, ಎರಡನೆಯದರಲ್ಲಿ ಚಾವಣಿಯ ಮೇಲೆ ಮಳೆಹನಿ, ಮೂರನೆಯದರಲ್ಲಿ ಎದ್ದು ಹೋಗುತ್ತಿದ್ದ ಶ್ರೋತೃಗಳ ಗೊಣಗಾಟ ಕೇಳಿಸಿತು ಎಂದು ಕೇಜ್ ಆಮೇಲೆ ನೆನೆಸಿಕೊಂಡ. ಪಕ್ಕವಾದ್ಯ ಇಷ್ಟು ಸೊಗಸಾಗಿ ಕೂಡಿಬರುವ ಕಛೇರಿಗಳು ಅಪರೂಪ.

ಪೂರ್ವಾಚಾರ್ಯರೂ ಇದ್ದಾರೆ. ಫ್ರಾನ್ಸಿನ ಹಾಸ್ಯಗಾರ ಅಲ್ಫೋನ್ಸ್ ಅಲೆ 1897ರಲ್ಲೇ, ಕಿವುಡನಾದ ಮಹಾಪುರುಷನೊಬ್ಬನ ಶವಯಾತ್ರೆಗೆಂದು, ಒಂದು ಸ್ವರವೂ ಇಲ್ಲದ ಖಾಲಿ ಕೃತಿಯೊಂದನ್ನು ಅಚ್ಚು ಹಾಕಿಸಿದ್ದ. ಪ್ರಾಗ್‌ನಲ್ಲಿ ಹುಟ್ಟಿದ ಎರ್ವಿನ್ ಶುಲ್‌ಹಾಫ್ 1919ರಲ್ಲಿ ಬರೀ ವಿರಾಮಚಿಹ್ನೆಗಳಿಂದಲೇ ಪಿಯಾನೋ ಕೃತಿ ರಚಿಸಿ, ಅದನ್ನು ಮೊದಲಿಂದ ಕೊನೆಯವರೆಗೆ ಭಾವಪೂರ್ಣವಾಗಿ ನುಡಿಸತಕ್ಕದ್ದೆಂದು ಸೂಚನೆ ಕೊಟ್ಟ. ಭಾವವಿಲ್ಲದೆ ನುಡಿಸಿದರೆ ಆಗುವ ವ್ಯತ್ಯಾಸವನ್ನು ಗುರುತಿಸಬಲ್ಲ ವಿಮರ್ಶಕರನ್ನು ಪ್ರಬಂಧಕಾರರು ಈಗಲೂ ಹುಡುಕುತ್ತಿದ್ದಾರೆ.

ಇಷ್ಟು ಹೊತ್ತಿಗೆ ಸಭೆಯ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುವುದು ಖಚಿತ: ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು.’ ಪ್ರಬಂಧಕಾರರು ಈ ಆಕ್ಷೇಪವನ್ನು ಸಂತೋಷದಿಂದ ಒಪ್ಪುತ್ತಾರೆ, ಏಕೆಂದರೆ ಇದ್ದದ್ದು ನಿಜ. ಹದಿಮೂರನೆಯ ಶತಮಾನದ ಶಾರ್ಙ್ಗದೇವ ಸಂಗೀತ ರತ್ನಾಕರದಲ್ಲಿ ನಾದವನ್ನು ಆಹತ, ಅನಾಹತ ಎಂದು ಸೀಳಿದ್ದಾನೆ. ಅನಾಹತ ಯಾರೂ ಹೊಡೆಯದೆ, ಮೀಟದೆ, ಊದದೆ ಇರುವ ನಾದ. ಯೋಗಿಗಳಿಗೆ ಮುಕ್ತಿ ಕೊಡುತ್ತದೆ, ಜನಕ್ಕೆ ರಂಜನೆ ಕೊಡುವುದಿಲ್ಲ. ಟಿಕೆಟ್ ಮಾರಾಟದ ದೃಷ್ಟಿಯಿಂದ ಇಷ್ಟು ಪ್ರಾಮಾಣಿಕವಾದ ಮುನ್ನೆಚ್ಚರಿಕೆಯನ್ನು ಯಾವ ಸಂಘಟಕರೂ ಕೊಟ್ಟಂತಿಲ್ಲ. ಕೇಜ್ 1951ರ ಸುಮಾರಿಗೆ ಹಾರ್ವರ್ಡ್‌ನ ನಿಶ್ಶಬ್ದ ಕೋಣೆ ಹೊಕ್ಕಾಗ ಅಲ್ಲೂ ಎರಡು ಸದ್ದು ಕೇಳಿ ಬೆರಗಾದ. ಒಂದು ನಿನ್ನ ನರಮಂಡಲದ್ದು, ಇನ್ನೊಂದು ರಕ್ತ ಹರಿಯುವುದರದ್ದು ಎಂದು ಅಲ್ಲಿನವರು ತಿಳಿಸಿದರಂತೆ. ಅದಕ್ಕೂ ಮೊದಲೇ, ನಲವತ್ತರ ದಶಕದಲ್ಲಿ, ನ್ಯೂಯಾರ್ಕಿಗೆ ಬಂದಿದ್ದ ಗೀತಾ ಸಾರಾಭಾಯಿಯವರಿಂದ ಅವನು ಭಾರತೀಯ ಸಂಗೀತದ ಪಾಠ ಹೇಳಿಸಿಕೊಂಡಿದ್ದ. ಸಂಗೀತವಿರುವುದು ಮನಸ್ಸನ್ನು ತಿಳಿಗೊಳಿಸುವುದಕ್ಕೆ ಎಂಬ ಮಾತನ್ನು ಅವರಿಂದ ಪಡೆದೆನೆಂದು ಕೊನೆಯವರೆಗೂ ಹೇಳುತ್ತಿದ್ದ.

ತಾಳದಲ್ಲೂ ಸಾಕ್ಷಿಯಿದೆ. ಆದಿತಾಳದ ಎಂಟು ಎಣಿಕೆಗಳಲ್ಲಿ ಎರಡು ಕಡೆ ಕೈ ತೊಡೆಗೆ ಬಡಿಯದೆ ಸುಮ್ಮನೆ ಹೊರಳುತ್ತದೆ. ಇದಕ್ಕೆ ನಮ್ಮ ಪಾಠದ ಮನೆಗಳಲ್ಲಿ ‘ಹುಸಿ’ ಎಂದೇ ಹೆಸರು. ಪ್ರತಿ ಆವರ್ತದ ಕಾಲು ಭಾಗ ಹುಸಿ ಎಂಬ ಸಂಗತಿ ಕೇಜ್ ಕೃತಿಗಳ ಪ್ರಕಾಶಕರ ಕಿವಿಗೆ ಬಿದ್ದು ಅವರು ಪಾಲು ಕೇಳದಿರಲೆಂದು ಪ್ರಬಂಧಕಾರರು ಈ ಪ್ಯಾರಾವನ್ನು ಮೆಲುದನಿಯಲ್ಲಿ ಬರೆದಿದ್ದಾರೆ.

ಇನ್ನು ಅತ್ಯಂತಾಭಾವ, ಅಂದರೆ ಶುದ್ಧ ವ್ಯಾಪಾರ. 1970ರಲ್ಲಿ ಅಮೆರಿಕದಲ್ಲಿ ಮೂಕಾಭಿನಯದ ಮಾರ್ಸೆಲ್ ಮಾರ್ಸೋ ಹೆಸರಿನ ‘ಅತ್ಯುತ್ತಮ’ ಧ್ವನಿಮುದ್ರಿಕೆ ಬಂತು: ಒಂದೊಂದು ಬದಿಯಲ್ಲೂ ಹತ್ತೊಂಬತ್ತು ನಿಮಿಷ ಮೌನ, ಕೊನೆಗೊಂದು ನಿಮಿಷ ಚಪ್ಪಾಳೆ. ಇದನ್ನು ಮೀರಿಸಿದ್ದು ಅಮೆರಿಕದ ವಲ್ಫ್‌ಪೆಕ್ ತಂಡ. ಸ್ಪಾಟಿಫೈನಲ್ಲಿ ಹಾಡು ಮೂವತ್ತು ಸೆಕೆಂಡು ಓಡಿದರೆ ಒಂದು ಕೇಳುವಿಕೆಯೆಂದು ಲೆಕ್ಕ. ಅವರು 2014ರ ಮಾರ್ಚಿನಲ್ಲಿ ಮೂವತ್ತು ಸೆಕೆಂಡಿನ ಗೆರೆಯನ್ನು ಅಷ್ಟಿಷ್ಟೇ ದಾಟುವ ಹತ್ತು ಮೌನಗಳನ್ನು ‘ಸ್ಲೀಪಿಫೈ’ ಎಂಬ ಹೆಸರಿನಲ್ಲಿ ಏರಿಸಿ, ರಾತ್ರಿ ಮಲಗುವಾಗ ಹಾಕಿಕೊಂಡು ಮಲಗಿ ಎಂದು ಅಭಿಮಾನಿಗಳನ್ನು ಬೇಡಿಕೊಂಡರು. ಅಭಿಮಾನಿಗಳು ಗೊರಕೆ ಹೊಡೆದರು. ತಂಡಕ್ಕೆ ಸುಮಾರು 20,000 ಡಾಲರ್ ಬಂತು. ಆ ಹಣದಲ್ಲಿ ಉಚಿತ ಪ್ರವೇಶದ ಕಛೇರಿಗಳು ನಡೆದವು. ಸ್ಪಾಟಿಫೈ ಆಲ್ಬಮ್ಮನ್ನು ತೆಗೆದುಹಾಕಿತಾದರೂ ಅದರ ವಕ್ತಾರರು ವಿಮರ್ಶೆ ಮರೆಯಲಿಲ್ಲ: ಇದು ಜಾನ್ ಕೇಜ್‌ನ ಅನುಕರಣೆಯಂತಿದೆ ಎಂದರು. ಹಾಡಿ ದುಡಿದವರಿಗೆ ಪುಡಿಗಾಸು, ಮಲಗಿದವರಿಂದ ಪ್ರವಾಸದ ಖರ್ಚು!

ಅದೇ 2014ರ ಅಕ್ಟೋಬರಿನಲ್ಲಿ ಕೆನಡಾದ ಐಟ್ಯೂನ್ಸ್‌ನಲ್ಲಿ ತಾಂತ್ರಿಕ ಎಡವಟ್ಟಾಗಿ ಟೇಲರ್ ಸ್ವಿಫ್ಟ್ ಹೆಸರಿನಲ್ಲಿ ‘ಟ್ರ್ಯಾಕ್ 3’ ಎಂಬ ಎಂಟು ಸೆಕೆಂಡಿನ ಬರೀ ಮೊರೆತ ಮಾರಾಟಕ್ಕೆ ಬಂತು. ಅದು ಮೊದಲ ಸ್ಥಾನಕ್ಕೇರಿತು. ಇದು ಅಭಾವವೋ ಭಕ್ತಿಯೋ ಎಂಬ ಪ್ರಶ್ನೆಯನ್ನು ವೇದಾಂತಿಗಳಿಗೆ ಬಿಡಲಾಗಿದೆ.

ಪ್ರಧ್ವಂಸಾಭಾವಕ್ಕೆ ನಗು ಒಗ್ಗುವುದಿಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಿರಿಯರು ಬಳಸುತ್ತಿದ್ದ ಸೂತ್ರ. ಬ್ರಿಟನ್ ಸರ್ಕಾರ ಸುಮಾರಾಗಿ ಅದನ್ನೇ ಕಾನೂನು ಮಾಡುವ ಪ್ರಸ್ತಾವ ಮುಂದಿಟ್ಟಿತು: ಬೇಡವೆಂದು ಹಕ್ಕುದಾರರು ಬಾಯಿಬಿಟ್ಟು ಹೇಳದಿದ್ದರೆ ಅವರ ಕೃತಿಗಳನ್ನು ಕೃತಕ ಬುದ್ಧಿಮತ್ತೆಯ ಕಂಪನಿಗಳು ತರಬೇತಿಗೆ ಬಳಸಿಕೊಳ್ಳಬಹುದು. ಇದನ್ನು ಪ್ರತಿಭಟಿಸಿ 2025ರ ಫೆಬ್ರವರಿ 25ರಂದು ಕೇಟ್ ಬುಷ್, ಆನಿ ಲೆನಾಕ್ಸ್ ಸೇರಿ ಸಾವಿರಕ್ಕೂ ಹೆಚ್ಚು ಸಂಗೀತಗಾರರು ಹನ್ನೆರಡು ಟ್ರ್ಯಾಕುಗಳ ಆಲ್ಬಮ್ ತಂದರು. ಅದರಲ್ಲಿರುವುದು ಖಾಲಿ ಸ್ಟುಡಿಯೋಗಳ, ಖಾಲಿ ಸಭಾಂಗಣಗಳ ಸದ್ದು. ಪ್ರತಿ ಟ್ರ್ಯಾಕಿಗೂ ಒಂದೇ ಪದದ ಹೆಸರು. ಹನ್ನೆರಡನ್ನೂ ಸಾಲಾಗಿ ಓದಿದರೆ, ಕಂಪನಿಗಳ ಲಾಭಕ್ಕಾಗಿ ಸಂಗೀತದ ಕಳ್ಳತನವನ್ನು ಸರ್ಕಾರ ಸಕ್ರಮ ಮಾಡಕೂಡದು ಎಂಬ ಪೂರ್ಣ ವಾಕ್ಯ. ಹಾಡುಗಾರರು ಹೋದ ಮೇಲೆ ಉಳಿಯುವುದು ಇದೇ ಎಂದು ಮುಂಚಿತವಾಗಿ ಕೇಳಿಸಿದ್ದಾರೆ. ಅದೇ ವರ್ಷಾಂತ್ಯದ ವಿನೈಲ್ ಆವೃತ್ತಿಗೆ ಪಾಲ್ ಮೆಕಾರ್ಟ್ನಿ ಎರಡೂಮುಕ್ಕಾಲು ನಿಮಿಷ ಕೊಟ್ಟರು. ಅವರ ಬೀಟಲ್ಸ್ ಜೊತೆಗಾರ ಜಾನ್ ಲೆನನ್, ಯೋಕೊ ಓನೊ ಜೊತೆ 1969ರಲ್ಲೇ ಎರಡು ನಿಮಿಷದ ಮೌನ ಬಿಡುಗಡೆ ಮಾಡಿದ್ದ. ಐವತ್ತಾರು ವರ್ಷಗಳ ಆ ಬಾಕಿಯನ್ನು ಮೆಕಾರ್ಟ್ನಿ ನಲವತ್ತೈದು ಸೆಕೆಂಡು ಬಡ್ಡಿ ಸೇರಿಸಿ ತೀರಿಸಿದಂತಾಯಿತು.

ಕಡೆಯದು ಅನ್ಯೋನ್ಯಾಭಾವ: ಮಡಕೆ ಬಟ್ಟೆಯಲ್ಲ, ನನ್ನ ಮೌನ ನಿನ್ನದಲ್ಲ. 2002ರಲ್ಲಿ ಇಂಗ್ಲೆಂಡಿನ ಮೈಕ್ ಬ್ಯಾಟ್ ತನ್ನ ತಂಡದ ಆಲ್ಬಮ್ಮಿನಲ್ಲಿ ಒಂದು ನಿಮಿಷದ ಮೌನ ಸೇರಿಸಿ, ರಚನೆ ‘ಬ್ಯಾಟ್, ಕೇಜ್’ ಎಂದು ಹಾಕಿದ. ಕೇಜ್‌ನ ಪ್ರಕಾಶಕರು ಪಾಲು ಕೇಳಿದರು. ತನ್ನ ಮೌನವೇ ಮೇಲು, ಕೇಜ್ ನಾಲ್ಕೂವರೆ ನಿಮಿಷ ತೆಗೆದುಕೊಂಡಿದ್ದನ್ನು ತಾನು ಒಂದೇ ನಿಮಿಷದಲ್ಲಿ ಹೇಳಿದ್ದೇನೆ ಎಂಬುದು ಬ್ಯಾಟ್ ವಾದ. ಕೋರ್ಟಿನ ಹೊರಗೆ ಲಕ್ಷಗಟ್ಟಲೆ ಪೌಂಡ್ ಕೊಟ್ಟು ರಾಜಿಯಾಯಿತೆಂದು ಪತ್ರಿಕೆಗಳು ಬರೆದವು. 2010ರಲ್ಲಿ ಬ್ಯಾಟ್ ಬಾಯಿಬಿಟ್ಟ: ಕೊಟ್ಟದ್ದು ಸಾವಿರ ಪೌಂಡಿನ ದೇಣಿಗೆ, ಮಿಕ್ಕಿದ್ದು ಪ್ರಚಾರದ ಆಟ. ಮುಕ್ಕಾಲು ತಪ್ಪು ಎಂದದ್ದು ಇದಕ್ಕೇ.

ಈ ವ್ಯಾಜ್ಯದಲ್ಲಿ ಕನ್ನಡಕ್ಕೂ ಒಂದು ಪಾಲಿದೆ. 1987ರಲ್ಲಿ ಶೃಂಗಾರ್ ನಾಗರಾಜ್ ನಿರ್ಮಾಣದಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಬೆಂಗಳೂರಿನಲ್ಲಿ ‘ಪುಷ್ಪಕ ವಿಮಾನ’ ತೆಗೆದರು. ಕಮಲ್ ಹಾಸನ್ ಇದ್ದರು, ಎಲ್. ವೈದ್ಯನಾಥನ್ ಸಂಗೀತವಿತ್ತು, ಸಂಭಾಷಣೆ ಒಂದೂ ಇರಲಿಲ್ಲ. ಡಬ್ಬಿಂಗ್ ವಿವಾದಕ್ಕೆ ಎಡೆಯೇ ಇಲ್ಲದ ಈ ಚಿತ್ರಕ್ಕೆ ಭಾಷೆಗೊಂದು ಹೆಸರಿಟ್ಟರು; ಹೀಗಾಗಿ ಅದೇ ಮೌನ ಹಿಂದಿಯಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ಬೇರೆಬೇರೆಯಾಗಿ ತೆರೆಕಂಡಿತು. ಮೌನ ಯಾವ ಭಾಷೆಯದು ಎಂಬ ಪ್ರಶ್ನೆಗೆ ಚಿತ್ರೀಕರಣದ ಸ್ಥಳವೇ ಪ್ರಮಾಣ, ಆದ್ದರಿಂದ ಅದು ಕನ್ನಡದ್ದು ಎಂಬುದು ಪ್ರಬಂಧಕಾರರ ಸಿದ್ಧಾಂತ. ತಮಿಳರು ಇದನ್ನು ಪ್ರಶ್ನಿಸುವಂತಿಲ್ಲ. ಅವರು ಅದಕ್ಕಿಟ್ಟ ಹೆಸರು ‘ಪೇಸುಂ ಪಡಂ’, ಅಂದರೆ ಮಾತಾಡುವ ಚಿತ್ರ.