ಮಸಾಲೆ ಹಾಲಿನ ಅಮಲು

ರಾತ್ರಿ ಎಂಟಕ್ಕೆ ಮೊಸರನ್ನ ಉಂಡು, ಬಿ.ಪಿ. ಮಾತ್ರೆ ನುಂಗಿ, ಎಂಟೂವರೆಗೆಲ್ಲ ಗೊರಕೆ ಹೊಡೆಯುವ ಮೂವರು ಒಂದು ಮಹಾನಗರದ ರಾತ್ರಿಬದುಕಿನ ಬಗ್ಗೆ ಅಧಿಕಾರವಾಣಿಯಲ್ಲಿ ಮಾತಾಡುವುದನ್ನು ಕೇಳಬೇಕಿದ್ದರೆ ನೀವು ಜಯನಗರಕ್ಕೆ ಬರಬೇಕು. ಆ ಮೂವರಲ್ಲಿ ನಾನೂ ಒಬ್ಬ. ಉಳಿದಿಬ್ಬರು ರಾಯರು ಮತ್ತು ಶೆಟ್ಟರು. ಮೂವರೂ ಬೇರೆ ಬೇರೆ ಕಾಲದಲ್ಲಿ ಮದರಾಸಿನ ಅನ್ನ ತಿಂದವರು. ಅದೂ ಪ್ಯಾರೀಸ್ ಕಾರ್ನರಿನ ಆಸುಪಾಸಿನಲ್ಲಿ. ಊರನ್ನು ಚೆನ್ನೈ ಅಂದರೆ ರಾಯರಿಗೆ ಆ ಹೊತ್ತಿಗೆ ಮಾತ್ರ ಕಿವಿ ಕೇಳುವುದಿಲ್ಲ.

ಪರಊರಿನಲ್ಲಿ ದುಡಿದು ಬಂದವರಿಗೆಲ್ಲ ಒಂದು ಕಾಯಿಲೆ ಇರುತ್ತದೆ. ಆ ಊರಿನ ನಿಜವಾದ ಒಳ್ಳೆಯ ಕಾಲ ತಾವಿದ್ದಾಗ ಇತ್ತು, ತಾವು ಹೊರಟ ಮಾರನೇ ದಿನದಿಂದ ಅದು ಕೆಡುತ್ತಾ ಹೋಯಿತು ಅನ್ನುವ ಕಾಯಿಲೆ. ಬ್ಯಾಂಕಾಕ್, ಸಿಂಗಪುರ, ದುಬೈ ಕಂಡವರು, ಕೊನೆಗೆ ಮುಂಬಯಿಯ ಕೊಲಾಬಾ ಕಂಡವರು ಹೀಗೆ ನಿಟ್ಟುಸಿರು ಬಿಟ್ಟರೆ ಅದಕ್ಕೊಂದು ಅರ್ಥವುಂಟು. ಅವರಿಗೆ ಹೇಳಿಕೊಳ್ಳಲು ಬಾರು, ಬ್ಯಾಂಡು, ಬಣ್ಣದ ದೀಪಗಳಿದ್ದವು. ನಮ್ಮ ಹಣೆಯಲ್ಲಿ ಬರೆದಿದ್ದದ್ದು ಪಾನನಿಷೇಧದ ಮದರಾಸು. ಆದರೂ ನಾವು ಸೋಲೊಪ್ಪಿದವರಲ್ಲ.

ಜಾಗ ಗೊತ್ತಿಲ್ಲದವರಿಗೆ ಎರಡು ಮಾತು. ಎನ್.ಎಸ್.ಸಿ. ಬೋಸ್ ರಸ್ತೆ ಬಂದರಿನ ಕಡೆಗೆ ಹೋಗಿ ರಾಜಾಜಿ ಸಾಲೈಗೆ ಮುಟ್ಟುವ ಮೂಲೆಯೇ ಪ್ಯಾರೀಸ್ ಕಾರ್ನರ್. ವೇಲ್ಸ್‌ನಿಂದ ಬಂದು 1788ರಲ್ಲಿ ವ್ಯಾಪಾರ ಶುರುಮಾಡಿದ ಥಾಮಸ್ ಪ್ಯಾರಿ ಎಂಬಾತನ ಕಂಪನಿ ಅಲ್ಲಿದೆ. ಈಗಿರುವ ಕಟ್ಟಡ ಡೇರ್ ಹೌಸ್ 1940ರದು. ಎದುರಿಗೆ 1892ರ ಕೆಂಪು ಹೈಕೋರ್ಟು. ಹಿಂದೆ ತಂಬುಚೆಟ್ಟಿ ಬೀದಿ, ಲಿಂಗಿಚೆಟ್ಟಿ ಬೀದಿ, ಅರ್ಮೇನಿಯನ್ ಬೀದಿ, ಬ್ರಾಡ್‌ವೇ. ಹಗಲಿನಲ್ಲಿ ಕಪ್ಪು ಕೋಟಿನ ವಕೀಲರು, ಕೈಗಾಡಿಗಳು, ‘ಎದೆಡುತ್ತಾಲುಂ ಪತ್ತು ರೂಬಾ’ (ಏನೇ ತೆಗೆದುಕೊಂಡರೂ ಹತ್ತು ರೂಪಾಯಿ) ಎಂದು ಕೂಗುವ ಫುಟ್‌ಪಾತಿನವರು. ಸಂಜೆ ಏಳಾದರೆ ಬ್ಯಾಂಕು, ಕಚೇರಿ, ಕಬ್ಬಿಣದಂಗಡಿಗಳ ಷಟರುಗಳೆಲ್ಲ ದಡದಡ ಇಳಿಯುತ್ತವೆ. ನಮ್ಮ ಮೂವರ ಪುರಾಣ ಶುರುವಾಗುವುದೇ ಆಮೇಲೆ.

ಮೊದಲು ಶೆಟ್ಟರನ್ನು ಮುಗಿಸಿಬಿಡುತ್ತೇನೆ, ಅವರದು ಚಿಕ್ಕ ಯುಗ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕೊಂದರ ಜಾರ್ಜ್‌ಟೌನ್ ಶಾಖೆಗೆ ಅವರು 1971ರಲ್ಲಿ ಬಂದರು. ಅದೇ ವರ್ಷ ಕರುಣಾನಿಧಿಯವರ ಸರ್ಕಾರ ಪಾನನಿಷೇಧ ತೆಗೆಯಿತು. ಶೆಟ್ಟರಿಗೆ ವರ್ಗವಾದದ್ದು 1974ರಲ್ಲಿ. ಆ ಹೊತ್ತಿಗೆ ನಿಷೇಧ ಮತ್ತೆ ಬಂತು. ಈ ಎರಡೂ ಘಟನೆಗಳಿಗೂ ತಮಗೂ ನೇರ ಸಂಬಂಧವಿಲ್ಲ ಎಂದು ಅವರು ಬಹಳ ವಿನಯದಿಂದ ಹೇಳುತ್ತಾರೆ. ‘ನೇರ’ ಎಂಬಲ್ಲಿ ಸ್ವಲ್ಪ ನಿಲ್ಲಿಸಿ ಹೇಳುತ್ತಾರೆ. ನಿಷೇಧವಿದ್ದ ಕಾಲದಲ್ಲಿ ಕುಡಿಯುವ ಪರ್ಮಿಟ್ ಬೇಕಿದ್ದವರಿಗೆ ‘ಕುಡಿಯದಿದ್ದರೆ ಈತನ ಆರೋಗ್ಯ ಕೆಡುತ್ತದೆ’ ಎಂದು ವೈದ್ಯರು ಬರೆದುಕೊಡಬೇಕಿತ್ತು. ಹಾಗಾಗಿ ಮದರಾಸಿನಲ್ಲಿ ಆರೋಗ್ಯವಂತರಿಗೆ ಕುಡಿಯುವ ಯೋಗ್ಯತೆ ಇರಲಿಲ್ಲ. ‘ಆ ಮೂರು ವರ್ಷ ಉಂಟಲ್ಲ ಮಾರಾಯ್ರೆ, ಅದೇ ಪ್ಯಾರೀಸ್ ಕಾರ್ನರಿನ ಸುವರ್ಣಯುಗ’ ಎನ್ನುತ್ತಾರೆ ಶೆಟ್ಟರು. ನೀವೆಷ್ಟು ಕುಡಿದಿರಿ ಎಂದರೆ ಉತ್ತರವಿಲ್ಲ. ಶೆಟ್ಟರು ಅಂದಿಗೂ ಇಂದಿಗೂ ಬಾರ್ಲಿ ನೀರಿನಿಂದ ಮುಂದಕ್ಕೆ ಹೋದವರಲ್ಲ. ಕುಡಿಯಬಹುದಾಗಿತ್ತು ಎಂಬುದೇ ಅವರ ಸುವರ್ಣಯುಗ.

ರಾಯರದು ದೀರ್ಘ ಆಳ್ವಿಕೆ. 1956ರಲ್ಲಿ, ಮೀಸೆ ಸರಿಯಾಗಿ ಮೂಡುವ ಮೊದಲೇ, ಜಾರ್ಜ್‌ಟೌನಿನ ಒಂದು ಉಡುಪಿ ಹೋಟೆಲಿಗೆ ಲೆಕ್ಕ ಬರೆಯಲು ಬಂದವರು. ಆ ಬೀದಿಗಳಲ್ಲಿ ನಮ್ಮವರ ಹೋಟೆಲೆಂದರೆ ಆಗಲೇ ಹಳೆಯ ಸಂಗತಿ. ಮುಂದೆ ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನು ದೊಡ್ಡದು ಮಾಡಿದ ಕೆ. ಕೃಷ್ಣರಾಯರು ಕೂಡ ಇದೇ ಪೇಟೆಯ ಆಚಾರಪ್ಪನ್ ಬೀದಿಯ ಹೋಟೆಲಿನಿಂದಲೇ ಮೇಲೆ ಬಂದವರು. ನಮ್ಮ ರಾಯರು ಮಾತ್ರ ಲೆಕ್ಕದ ಪುಸ್ತಕದಿಂದ ಮೇಲೆ ಬರಲಿಲ್ಲ. ಅದಕ್ಕೆ ರಾತ್ರಿಬದುಕೇ ಕಾರಣ ಎಂದು ನಮ್ಮನ್ನು ನಂಬಿಸಲು ನೋಡುತ್ತಾರೆ.

ಆ ಬದುಕಿನ ವಿವರ ಹೀಗಿದೆ. ಮಿನರ್ವಾ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾದ ಎರಡನೇ ಆಟ. ಭಾಷೆ ಅರ್ಥವಾಗುತ್ತಿರಲಿಲ್ಲ, ಮದರಾಸಿನ ಸೆಕೆಯಲ್ಲಿ ಏರ್‌ಕಂಡೀಷನ್ ಎಲ್ಲರಿಗೂ ಅರ್ಥವಾಗುತ್ತಿತ್ತು. ಆಟ ಬಿಟ್ಟ ಮೇಲೆ ನಡೆದುಕೊಂಡೇ ಮಿಂಟ್ ಸ್ಟ್ರೀಟಿಗೆ. ಸೌಕಾರ್‌ಪೇಟೆಯ ಮಾರವಾಡಿಗಳ, ಗುಜರಾತಿಗಳ ಆ ಬೀದಿಯಲ್ಲಿ ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಬಾದಾಮಿ, ಕೇಸರಿ ಬೆರೆತ ಹಾಲು ಕುದಿಯುತ್ತಿರುತ್ತದೆ. ಮೇಲೆ ದಪ್ಪಗೆ ಕೆನೆ. ‘ಒಂದು ಲೋಟ ಕುಡಿದು, ಇನ್ನೊಂದಿಷ್ಟು ಕೆನೆ ಹಾಕು ಅಂತ ಲೋಟ ಮುಂದೆ ಹಿಡೀತಿದ್ವಿ ಕಣ್ರೀ’ ಎಂದು ಹೇಳುವಾಗ ರಾಯರು ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ. ಬೇರೆಯವರು ತಮ್ಮ ಯೌವನದ ಯಾವ ಪ್ರಸಂಗವನ್ನು ಹೇಳುವಾಗ ಹೀಗೆ ದನಿ ತಗ್ಗಿಸುತ್ತಾರೋ ನೀವೇ ಊಹಿಸಿಕೊಳ್ಳಿ.

ದೀಪಾಲಂಕಾರವೂ ಇತ್ತು. ಹೈಕೋರ್ಟಿನ ದೊಡ್ಡ ಗೋಪುರದ ತುದಿಯಲ್ಲಿ 1894ರಿಂದ ಊರಿನ ದೀಪಸ್ತಂಭ ಉರಿಯುತ್ತಿತ್ತು. ಆ ಬೆಳಕು ಇದ್ದದ್ದು ಬಂಗಾಳ ಕೊಲ್ಲಿಯ ಹಡಗುಗಳಿಗಾಗಿ. ಆದರೆ ನಮ್ಮ ರಾಯರು ಅದನ್ನು ತಮಗೇ ಬಿಟ್ಟದ್ದು ಎಂದುಕೊಂಡಿದ್ದರು. ‘ಡಿಸ್ಕೋ ಲೈಟು ಅಂತ ನೀವೆಲ್ಲ ಈಗ ಹೇಳ್ತೀರಲ್ಲ, ನ್ಯಾಯಮೂರ್ತಿಗಳು ನಮಗೆ ಆಗಲೇ ಹಾಕಿಸಿಕೊಟ್ಟಿದ್ದರು’ ಎನ್ನುತ್ತಾರೆ. 1977ರಲ್ಲಿ ಮರೀನಾದ ಹೊಸ ದೀಪಸ್ತಂಭಕ್ಕೆ ಕೆಲಸ ವರ್ಗವಾಗಿ ಹೈಕೋರ್ಟಿನ ದೀಪ ಆರಿತು. ಅಲ್ಲಿಗೆ ಪ್ಯಾರೀಸ್ ಕಾರ್ನರ್ ಮುಗಿಯಿತು ಎಂಬುದು ರಾಯರ ಖಚಿತ ಅಭಿಪ್ರಾಯ. ಅವರು ಕೆಲಸ ಬಿಟ್ಟು ಬೆಂಗಳೂರಿಗೆ ಬಂದದ್ದೂ ಅದೇ ಸುಮಾರಿಗೆ.

ಒತ್ತಿ ಕೇಳಿದರೆ ಇನ್ನೊಂದು ಲೆಕ್ಕ ಹೊರಬರುತ್ತದೆ. ಹೋಟೆಲಿನ ಹುಡುಗರು ರಾತ್ರಿ ಹತ್ತೂವರೆಗೆ ಮೇಜು ಒರೆಸಿ, ನಾಲ್ಕು ಮೇಜು ಜೋಡಿಸಿ, ಅದರ ಮೇಲೇ ಚಾಪೆ ಹಾಸುತ್ತಿದ್ದರು. ಮೂರೂವರೆಗೆ ಭಟ್ಟರು ಬಂದು ಕಾಲು ಜಗ್ಗುತ್ತಿದ್ದರು. ಇಡ್ಲಿ ಬೇಯಬೇಕು, ಸಾಂಬಾರಿಗೆ ಬೇಳೆ ಇಡಬೇಕು. ರಾಯರು ಚೀಲ ಹಿಡಿದು ಕೊತವಾಲ್ ಚಾವಡಿಗೆ ಓಡಬೇಕು. ಆಗ ಊರಿನ ತರಕಾರಿ ಸಗಟು ಪೇಟೆ ಅಲ್ಲೇ ಇತ್ತು, ಕೊಯಂಬೇಡಿಗೆ ಹೋದದ್ದು 1996ರಲ್ಲಿ. ನಟ್ಟಿರುಳಲ್ಲಿ ಲಾರಿ ಸಾಲುಗಟ್ಟಿ ಬಂದು, ಟೊಮೆಟೊ, ಬಾಳೆಲೆ, ಕುಂಬಳಕಾಯಿ ಇಳಿಸುವ ಗದ್ದಲದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈ ಹತ್ತೂವರೆಗೂ ಮೂರೂವರೆಗೂ ನಡುವಿನಲ್ಲಿ ರಾಯರು ಎರಡನೇ ಆಟ ನೋಡಿ, ಮಿಂಟ್ ಸ್ಟ್ರೀಟಿಗೆ ಹೋಗಿ, ಕೆನೆ ತಿಂದು, ದೀಪಸ್ತಂಭ ನೋಡಿ, ನಿದ್ದೆಯನ್ನೂ ಮಾಡಿದ್ದಾರೆ. ಲೆಕ್ಕ ಬರೆಯುವವರಾಗಿದ್ದೂ ಈ ಲೆಕ್ಕ ಹೇಗೆ ಕೂಡುತ್ತದೆ ಎಂದು ಅವರು ಹೇಳುವುದಿಲ್ಲ. ಎಷ್ಟು ಸಲ ಹೋಗಿದ್ದಿರಿ ಎಂದು ಶೆಟ್ಟರು ಕೇಳಿದಾಗ ‘ದೀಪಾವಳಿಗೆ ಹೋಗಿದ್ದೆ’ ಎಂದರು. ನಾವು ಮುಂದಕ್ಕೆ ಕೇಳಲಿಲ್ಲ.

ನನ್ನ ಕಾಲ ಎಂಬತ್ತರ ದಶಕ. ಅಷ್ಟು ಹೊತ್ತಿಗೆ ಎಂ.ಜಿ.ಆರ್. ನಿಷೇಧ ಸಡಿಲಿಸಿದ್ದರು. ಆದರೆ ನನ್ನ ಮಟ್ಟಿಗೆ ಆ ಮೂಲೆಯ ರಾಜ ಬರ್ಮಾ ಬಜಾರು. 1962ರಲ್ಲಿ ಬರ್ಮಾದಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದು, ಅಂಗಡಿ ಮುಂಗಟ್ಟುಗಳನ್ನೆಲ್ಲ ಸರ್ಕಾರಕ್ಕೆ ಸೇರಿಸಿಕೊಂಡಾಗ, ತಲೆಮಾರುಗಳಿಂದ ಅಲ್ಲಿದ್ದ ತಮಿಳರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಹಡಗು ಹತ್ತಿದರು. ಮದರಾಸಿನಲ್ಲಿ ಇಳಿದವರಿಗೆ ಬೀಚ್ ಸ್ಟೇಷನ್ನಿನ ಬಳಿ ರಸ್ತೆಬದಿಯಲ್ಲಿ ಸಿಕ್ಕ ಪುಟ್ಟ ಪುಟ್ಟ ಅಂಗಡಿಗಳ ಸಾಲೇ ಈ ಬಜಾರು. ಟೂ-ಇನ್-ಒನ್, ಜಪಾನಿನ ಗಡಿಯಾರ, ಸೆಂಟು, ಕ್ಯಾಸೆಟ್ಟು, ಎಲ್ಲವೂ ಅಲ್ಲಿ ಸಂಜೆಯ ಟ್ಯೂಬ್‌ಲೈಟಿನಲ್ಲಿ ಹೊಳೆಯುತ್ತಿದ್ದವು. ಸೀಲು ಒಡೆಯದ ಡಬ್ಬ ಮನೆಗೆ ತಂದು ಬಿಚ್ಚಿದರೆ ಒಳಗೆ ಇಟ್ಟಿಗೆ ಇತ್ತು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಿದ್ದರು. ಆ ಇಟ್ಟಿಗೆ ಸದಾ ಸ್ನೇಹಿತನ ಷಡ್ಡಕನಿಗೇ ಸಿಕ್ಕಿರುತ್ತಿತ್ತು. 1991ರ ನಂತರ ವಿದೇಶಿ ಸಾಮಾನು ಎಲ್ಲ ಊರಿನ ಎಲ್ಲ ಅಂಗಡಿಗೂ ಬಂತು, ಬಜಾರಿನ ಗುಟ್ಟಿನ ಸೊಗಸು ಹೋಯಿತು.

ಹೋಗದೇ ಉಳಿದದ್ದು ಅತ್ತೋ. ಸೆಕೆಂಡ್ ಲೈನ್ ಬೀಚ್ ರಸ್ತೆಯಲ್ಲಿ ಸಂಜೆ ತಳ್ಳುಗಾಡಿಗಳು ಬಂದು ನಿಲ್ಲುತ್ತವೆ. ಕಿತ್ತಳೆ ಬಣ್ಣದ ದಪ್ಪ ನೂಡಲ್ಸ್‌ಗೆ ಎಲೆಕೋಸು, ಈರುಳ್ಳಿ, ಪುಡಿ ಮಾಡಿದ ಗರಿಗರಿ ವಡೆ, ಹುಣಸೆ ರಸ, ಮೆಣಸಿನ ಪುಡಿ, ಹುರಿದ ಬೆಳ್ಳುಳ್ಳಿ, ಎಣ್ಣೆ ಎಲ್ಲವನ್ನೂ ಸುರಿದು ಬರಿಗೈಯಲ್ಲಿ ಕಲಸಿ ಕೊಡುತ್ತಾರೆ. ಜೊತೆಗೆ ಬಿಸಿಬಿಸಿ ಬಾಳೆದಿಂಡಿನ ಸಾರು. ನಮ್ಮ ಮನೆಗಳಲ್ಲಿ ಹೊಟ್ಟೆಯ ಕಲ್ಲು ಕರಗಲಿ ಎಂದು ಮುಖ ಕಿವುಚಿಕೊಂಡು ತಿನ್ನುವ ಬಾಳೆದಿಂಡು ರಂಗೂನಿಗೆ ಹೋಗಿ ಬಂದು ಇಷ್ಟು ಸುಧಾರಿಸಿದೆಯಲ್ಲ ಎಂದು ನನಗೆ ಹೆಮ್ಮೆಯಾಗುತ್ತಿತ್ತು. ರಾಯರೂ ತಮ್ಮ ಕೊನೆಯ ದಿನಗಳಲ್ಲಿ ಒಮ್ಮೆ ಇಂಥ ಗಾಡಿಯಲ್ಲಿ ಸಾರು ಕುಡಿದಿದ್ದರಂತೆ. ‘ಆ ಸಾರು ಬರ್ಮಾದ ಮೊಹಿಂಗಾ, ಅದಕ್ಕೆ ಮೀನೇ ಮೂಲ ರಾಯರೇ’ ಎಂದು ಶೆಟ್ಟರು ಒಂದು ದಿನ ತಣ್ಣಗೆ ಹೇಳಿಬಿಟ್ಟರು. ರಾಯರು ಆ ವಾರವೆಲ್ಲ ನಾವು ಸೇರುವ ಪಾರ್ಕಿಗೆ ಬರಲಿಲ್ಲ. ಬಂದಾಗ, ‘ನಾನು ಕುಡಿದದ್ದು ಬರೀ ದಿಂಡಿನದು’ ಎಂದು ತೀರ್ಪು ಕೊಟ್ಟು ಮಾತು ಬದಲಿಸಿದರು.

ನಾನು ಖಾಯಂ ನಿಲ್ಲುತ್ತಿದ್ದ ಗಾಡಿಯ ಅಜ್ಜಿಗೆ ನನ್ನ ಹೊಗಳಿಕೆಯಿಂದ ಒಂದಿಷ್ಟೂ ಸಂತೋಷವಾಗುತ್ತಿರಲಿಲ್ಲ. ‘ಇದೂ ಒಂದು ಅತ್ತೋನಾ ತಂಬಿ? ರಂಗೂನಿನ ಮೊಗಲ್ ಸ್ಟ್ರೀಟಲ್ಲಿ ತಿನ್ನಬೇಕಿತ್ತು’ ಎನ್ನುತ್ತಿದ್ದಳು. ರಂಗೂನು ಕೆಟ್ಟದ್ದು ಯಾವಾಗ ಎಂದು ಕೇಳುವ ಅಗತ್ಯವಿರಲಿಲ್ಲ. ಅವಳು ಹಡಗು ಹತ್ತಿದ ದಿನ. ಹಾಗೆ ನೋಡಿದರೆ ಆ ಮೂಲೆಯಲ್ಲಿ ಇಲ್ಲಿಯೇ ಹುಟ್ಟಿದ್ದು ಎಂದು ಹೇಳಿಕೊಳ್ಳುವವರು ಸಿಗುವುದು ಕಷ್ಟ. ಪ್ಯಾರಿ ವೇಲ್ಸ್‌ನವನು. ಪಕ್ಕದ ಬೀದಿಯಲ್ಲಿ 1772ರ ಚರ್ಚು ಕಟ್ಟಿದವರು ಅರ್ಮೇನಿಯಾದವರು. ಹಾಲು ಕಾಯಿಸುವವರು ರಾಜಸ್ಥಾನದವರು, ಇಡ್ಲಿ ಬೇಯಿಸುವವರು ಉಡುಪಿಯವರು. ಪ್ರತಿಯೊಬ್ಬನೂ ಸಂಜೆ ಷಟರು ಎಳೆದು, ತನ್ನ ಊರಿನ ಸಂಜೆ ಇದಕ್ಕಿಂತ ಚೆನ್ನಾಗಿತ್ತು ಎಂದು ಪಕ್ಕದವನಿಗೆ ಹೇಳಿಯೇ ಮಲಗಿರಬೇಕು.

ನನ್ನ ಸುವರ್ಣಯುಗ ಮಾತ್ರ ಎಸ್‌ಪ್ಲನೇಡಿನ ಎಕ್ಸ್‌ಪ್ರೆಸ್ ಬಸ್ ಸ್ಟ್ಯಾಂಡಿನಲ್ಲಿತ್ತು. ಇದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಶನಿವಾರ ರಾತ್ರಿ ಬ್ಯಾಂಕು, ಹೋಟೆಲು, ಸಿನಿಮಾ ಸ್ಟುಡಿಯೋ ಎಲ್ಲದರಿಂದಲೂ ಬಂದ ಕನ್ನಡಿಗರು ಅಲ್ಲಿ ಸೇರುತ್ತಿದ್ದರು. ಸೊಳ್ಳೆ, ಮಲ್ಲಿಗೆ, ಡೀಸೆಲ್ಲು, ಮೂಲೆಯ ಗೋಡೆಯ ಮೂತ್ರ, ಎಲ್ಲವೂ ಬೆರೆತ ಒಂದು ವಾಸನೆ. ನಮ್ಮ ಕೆ.ಎಸ್.ಆರ್.ಟಿ.ಸಿ.ಯ ಕೆಂಪು ಬಸ್ಸು ಒಳಗೆ ಬರುತ್ತಿದ್ದ ಹಾಗೆ ಕಿಟಕಿಯಿಂದ ಟವೆಲ್ಲು, ಕರ್ಚೀಫು, ಒಂದೊಂದು ಸಲ ಮಗು ಕೂಡ ಒಳಗೆ ಹೋಗಿ ಸೀಟು ಹಿಡಿಯುತ್ತಿತ್ತು. ‘ಬೆಂಗ್ಳೂರ್, ಬೆಂಗ್ಳೂರ್, ಹತ್ರೀ ಬೇಗ’ ಎಂದು ಕಂಡಕ್ಟರು ಬೈಯುವುದನ್ನು ಕೇಳಿದರೆ ವಾರದ ದಣಿವು ಇಳಿಯುತ್ತಿತ್ತು. ಊರಿಗೆ ಹೋಗುವುದಿಲ್ಲದ ಶನಿವಾರವೂ ನಾವು ಕೆಲವರು ಅಲ್ಲಿಗೆ ಹೋಗುತ್ತಿದ್ದೆವು. ಡ್ರೈವರು ಓದಿ ಮಡಿಚಿಟ್ಟ ಕನ್ನಡ ಪೇಪರು ಕೇಳಿ ಪಡೆದು, ಬೀದಿದೀಪದ ಕೆಳಗೆ ಹಂಚಿಕೊಂಡು ಓದಿ, ಬೀಚ್ ಸ್ಟೇಷನ್ನಿನ ಕೊನೆಯ ಲೋಕಲ್ ಹಿಡಿಯುತ್ತಿದ್ದೆವು. 2002ರಲ್ಲಿ ಹೊರಊರಿನ ಬಸ್ಸುಗಳೆಲ್ಲ ಕೊಯಂಬೇಡಿಗೆ ಹೋದವು. ಪ್ಯಾರೀಸ್ ಕಾರ್ನರ್ ಮುಗಿದದ್ದು ಆಗ. 1974ರಲ್ಲೂ ಅಲ್ಲ, 1977ರಲ್ಲೂ ಅಲ್ಲ.

ಈ ವಾದ ಒಮ್ಮೆ ನಮ್ಮ ಮನೆಯ ಜಗುಲಿಯಲ್ಲಿ ತಾರಕಕ್ಕೇರಿತ್ತು. ಕಾಫಿ ತಂದ ನನ್ನ ಹೆಂಡತಿ, ‘ಆ ಊರಲ್ಲಿ ರಾತ್ರಿ ಒಂಬತ್ತರ ಮೇಲೆ ಮಗುವಿಗೆ ಗ್ರೈಪ್ ವಾಟರ್ ಬೇಕೂಂದ್ರೆ ಒಂದು ಅಂಗಡಿ ತೆಗೆದಿರ್ತಿರ್ಲಿಲ್ಲ, ಅದೆಂಥ ರಾತ್ರಿಬದುಕೋ’ ಎಂದು ಲೋಟ ಇಟ್ಟು ಹೋದಳು. ಮೂವರೂ ಕಾಫಿ ಕುಡಿದೆವು.

ತೀರ್ಪು ಕೊಡಲೇಬೇಕಾದರೆ ನಾನು ಮೂವರಿಗೂ ಕೊಡುವುದಿಲ್ಲ. ಆ ಮೂಲೆಯ ಅತ್ಯಂತ ರಂಗಿನ ರಾತ್ರಿ 1914ರ ಸೆಪ್ಟೆಂಬರ್ 22. ಮೊದಲ ಮಹಾಯುದ್ಧ ಶುರುವಾಗಿ ಎಂಟು ವಾರವಾಗಿದ್ದರೂ ಮದರಾಸು ದೀಪ ಆರಿಸಿರಲಿಲ್ಲ. ರಾತ್ರಿ ಒಂಬತ್ತೂವರೆಯ ಸುಮಾರಿಗೆ ‘ಎಂಡನ್’ ಎಂಬ ಜರ್ಮನ್ ಯುದ್ಧನೌಕೆ ಬಂದು, ಸುಮಾರು ಅರ್ಧ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಗುಂಡು ಸಿಡಿಸಿ, ಬಂದರಿನಲ್ಲಿದ್ದ ಬರ್ಮಾ ಆಯಿಲ್ ಕಂಪನಿಯ ತೊಟ್ಟಿಗಳಿಗೆ ಬೆಂಕಿ ಹಚ್ಚಿ ಹೋಯಿತು. ಹೈಕೋರ್ಟಿನ ಆವರಣಕ್ಕೂ ಗುಂಡು ಬಿತ್ತು. ಅದರ ಗುರುತಿಗೆ ಹಾಕಿದ ಫಲಕ ಇವತ್ತಿಗೂ ಅಲ್ಲಿದೆ. ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಅವರಲ್ಲಿ ನಮ್ಮ ಹೋಟೆಲಿನವರು, ಅಡುಗೆಯವರು ಯಾರೂ ಇರಲಿಲ್ಲ ಎಂದರೆ ನಾನು ನಂಬುವುದಿಲ್ಲ. ನಿಮ್ಮ ಮನೆಯಲ್ಲಿ ಮುತ್ತಜ್ಜ ಹೇಳಿದ ಎಂಡನ್ ಕಥೆ ಏನಾದರೂ ಉಳಿದಿದ್ದರೆ ದಯವಿಟ್ಟು ಬರೆದಿಡಿ. ಸಾಧ್ಯವಾದರೆ ಒಂದು ಪ್ರತಿ ರಾಯರಿಗೂ ಕಳಿಸಿ. ಅವರು ಅದನ್ನು ತಾವೇ ಕಂಡಂತೆ ಹೇಳಲು ಆರಂಭಿಸುವ ಮೊದಲು ನಮ್ಮ ಹತ್ತಿರ ಲಿಖಿತ ದಾಖಲೆ ಇರಬೇಕು.