ಹಾಸಿಗೆ, ತಿಂಡಿ, ಹೆಪ್ಪು

ನಮ್ಮ ಅತ್ತೆಯ ಪ್ರಕಾರ ಪ್ರವಾಸದಲ್ಲಿ ಎರಡೇ ಬಗೆ. ಒಂದು, ನೆಂಟರಿರುವ ಊರಿಗೆ ಹೋಗುವುದು. ಇನ್ನೊಂದು, ದೇವರಿರುವ ಊರಿಗೆ ಹೋಗುವುದು. ನೆಂಟರಿದ್ದರೆ ಅವರ ಮನೆಯ ಜಗಲಿ ಇದೆ, ದೇವರಿದ್ದರೆ ಛತ್ರ ಇದೆ. ಎರಡೂ ಇಲ್ಲದ ಊರಿಗೆ ದುಡ್ಡು ಕೊಟ್ಟು ಮಲಗಲು ಹೋಗುವವರಿಗೆ ಅವರ ತೀರ್ಥಹಳ್ಳಿ ಕಡೆ ಬೇರೆ ಹೆಸರಿದೆ, ಇಲ್ಲಿ ಬರೆಯುವಂಥದ್ದಲ್ಲ.

ಆರು ತಿಂಗಳ ವೀಸಾದಲ್ಲಿ ರೆಡಿಂಗಿನ ನಮ್ಮ ಮನೆಗೆ ಬಂದಿದ್ದ ಅತ್ತೆಗೆ, ಆಗಸ್ಟ್ ಕೊನೆಯ ಸೋಮವಾರದ ಬ್ಯಾಂಕ್ ಹಾಲಿಡೇಗೆ ಲೇಕ್ ಡಿಸ್ಟ್ರಿಕ್ಟ್ ತೋರಿಸುವುದೆಂದು ಇವರು ಘೋಷಿಸಿದರು.

"ಅಲ್ಲಿ ಯಾರಿದಾರೆ?" ಅಂದರು ಅತ್ತೆ.

"ವರ್ಡ್ಸ್‌ವರ್ತ್ ಅಂತ ದೊಡ್ಡ ಕವಿ ಇದ್ರು, ಅಮ್ಮ."

"ಈಗ?"

"1850ರಲ್ಲಿ ತೀರಿಹೋದ್ರು."

"ಮತ್ತೆ ನಾವು ಉಳಿಯೋದು ಯಾರ ಮನೇಲಿ ಮಾರಾಯಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅಡುಗೆಮನೆ ಇರುವ ಕಾಟೇಜುಗಳನ್ನು ಜಾಣರು ಜನವರಿಯಲ್ಲೇ ಹಿಡಿದಿಟ್ಟಿದ್ದರು. ಉಳಿದಿದ್ದವು ವಾರಕ್ಕೆ ಕಡಿಮೆ ಇಲ್ಲ ಎನ್ನುತ್ತಿದ್ದವು. ಹೋಟೆಲಿನ ಬಾಡಿಗೆ ನೋಡಿ ಇವರು ಲ್ಯಾಪ್‌ಟಾಪನ್ನೇ ಮುಚ್ಚಿದರು. ಉಳಿದದ್ದು ಬಿ ಅಂಡ್ ಬಿ. ಯಾರೋ ತಮ್ಮ ಮನೆಯಲ್ಲಿ ನಾಲ್ಕೈದು ಕೋಣೆ ಬಾಡಿಗೆಗೆ ಕೊಟ್ಟು, ಬೆಳಿಗ್ಗೆ ತಿಂಡಿಯನ್ನೂ ಕೊಡುತ್ತಾರೆ ಎಂದು ಅತ್ತೆಗೆ ವಿವರಿಸಿದೆ.

"ಮಧ್ಯಾಹ್ನ ಊಟ?"

"ಇಲ್ಲ."

"ರಾತ್ರಿಗೆ?"

"ಇಲ್ಲ ಅತ್ತೆ. ಹಾಸಿಗೆ, ತಿಂಡಿ. ಹೆಸರೇ ಅದು."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೆಲ್ಲ ಹೊರನಾಡ ಕನ್ನಡಿಗರು ಅಂತ ಹೇಳ್ಕೊಳ್ತೀರಿ. ನಮ್ಮ ಹೊರನಾಡಿಗೆ ಹೋಗಿ ನೋಡಿ. ಅನ್ನಪೂರ್ಣೇಶ್ವರಿ ಯಾರನ್ನೂ ಬರೀ ತಿಂಡಿ ಕೊಟ್ಟು ಕಳಿಸಲ್ಲ" ಅಂದರು.

ಇವರು ಸಾಫ್ಟ್‌ವೇರಿನವರು. ಒಂದು ಕೆಲಸಕ್ಕೆ ಎಕ್ಸೆಲ್ ಶೀಟ್ ತೆರೆಯದಿದ್ದರೆ ಆ ಕೆಲಸ ಶುರುವಾಗಿದೆಯೆಂದೇ ಅವರಿಗೆ ಅನಿಸುವುದಿಲ್ಲ. ಮೂರು ಸಂಜೆ ಕೂತು 14 ಕಾಲಮ್ಮುಗಳ ಪಟ್ಟಿ ಮಾಡಿದರು. ವಿಸಿಟ್ ಇಂಗ್ಲೆಂಡಿನವರು ಕೊಡುವ ಒಂದರಿಂದ ಐದರವರೆಗಿನ ನಕ್ಷತ್ರ, ಬಾಡಿಗೆ, ಕಾರು ನಿಲ್ಲಿಸುವ ಜಾಗ, ಎಷ್ಟು ಮೆಟ್ಟಿಲು, ಬಚ್ಚಲು ಕೋಣೆಯೊಳಗೋ ಹೊರಗೋ, ಹೊರಗಾದರೆ ಎಷ್ಟು ಜನರ ಪಾಲು. ಟ್ವಿನ್ ಅಂದರೆ ಬಿಡಿ ಮಂಚ ಎರಡು, ಡಬಲ್ ಅಂದರೆ ಇಬ್ಬರಿಗೆ ಒಂದೇ ಮಂಚ ಎಂಬ ವ್ಯತ್ಯಾಸಕ್ಕೇ ಒಂದು ಸಂಜೆ ಹೋಯಿತು. ಒಂದು ಕೋಣೆ ಹಿಡಿದು ನಾಲ್ಕು ಚಾಪೆ ಹಾಸಿದರೆ ಆಗದೇ ಅಂತ ಅತ್ತೆ ಕೇಳಿದರು. ಆಗುವುದಿಲ್ಲ. ತಲೆ ಎಣಿಸಿ ಕೋಣೆ ಕೊಡುತ್ತಾರೆ. ಹನ್ನೆರಡರೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ ಎಂದು ಬರೆದುಕೊಂಡ ಮನೆಗಳೂ ಇದ್ದವು. ಅದನ್ನು ಓದಿ ಹೇಳಿದಾಗ ಅತ್ತೆ ಹೌಹಾರಿ, "ಮಕ್ಕಳನ್ನ ಬಿಟ್ಟು ಬನ್ನಿ ಅಂತ ನೆಂಟರಿಗೆ ಹೇಳೋದೇ?" ಎಂದರು. ಪುಣ್ಯಕ್ಕೆ ನಮ್ಮ ಮಗಳಿಗೆ ಹನ್ನೆರಡು ತುಂಬಿ ಮೂರು ವಾರವಾಗಿತ್ತು.

ಇನ್ನು ವರ್ಣನೆಗಳು. ನಮ್ಮ ಮದುವೆ ಜಾಹೀರಾತಿನಲ್ಲಿ 'ಎಣ್ಣೆಗೆಂಪು' ಎಂಬುದಕ್ಕೆ ಒಳಗೊಂದು ಅರ್ಥ ಇರುವ ಹಾಗೆ ಇವಕ್ಕೂ ಇದೆ. 'ಕೋಜಿ' ಅಂದರೆ ಸೂಟ್‌ಕೇಸ್ ಒಳಗೆ ಬಂದರೆ ನೀವು ಹೊರಗೆ. 'ಲೇಕ್ ವ್ಯೂ' ಅಂದರೆ ಕೆರೆ ಕಾಣುತ್ತದೆ. 'ಲೇಕ್ ಗ್ಲಿಂಪ್ಸಸ್' ಅಂದರೆ ಕುರ್ಚಿ ಹತ್ತಿ ಕತ್ತು ಹೊರಳಿಸಿದರೆ, ಎದುರು ಮನೆಯವರು ಪರದೆ ಸರಿಸಿದ್ದರೆ, ಕಾಣಬಹುದು.

ಕೊನೆಗೆ ಡರ್ವೆಂಟ್‌ವಾಟರ್ ಕೆರೆಯ ಪಕ್ಕದ ಕೆಸ್ವಿಕ್ ಊರಿನ ಆರು ಮನೆಗಳು ಪಟ್ಟಿಯಲ್ಲಿ ಉಳಿದವು. ಬರೆಯುವುದು ಕೆಸ್ವಿಕ್, ಅಲ್ಲಿಯವರು ಕರೆಯುವುದು ಕೆಜಿಕ್. ಅತ್ತೆ ಮಾತ್ರ ಅದಕ್ಕೆ 'ಕೆಸುವಿನ ಊರು' ಎಂದು ಹೆಸರಿಟ್ಟರು. ಕೆಸು ಇದ್ದಲ್ಲಿ ಪತ್ರೊಡೆಯೂ ಇದ್ದೀತೆಂಬ ಆಸೆ.

ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆ ಮೊಟ್ಟೆ ತಿನ್ನುವುದಿಲ್ಲ, ಅಣಬೆ ತಿನ್ನುವುದಿಲ್ಲ. ಇಂಗ್ಲಿಷರ ತಿಂಡಿಯಾದರೋ ಹಂದಿಯಿಂದ ಶುರುವಾಗಿ ಹಂದಿಯಲ್ಲೇ ಮುಗಿಯುತ್ತದೆ. ಬೇಕನ್, ಸಾಸೇಜು, ಜೊತೆಗೆ ಪುಡ್ಡಿಂಗ್ ಎಂಬ ಸಿಹಿ ಹೆಸರಿಟ್ಟುಕೊಂಡು ರಕ್ತದಲ್ಲಿ ಮಾಡುವ ಬ್ಲ್ಯಾಕ್ ಪುಡ್ಡಿಂಗು. ಮೊದಲ ಮನೆಯವರಿಗೆ ನಾವು ಸಸ್ಯಾಹಾರಿಗಳು ಎಂದೆ. "ಮೊಟ್ಟೆ ಆಗುತ್ತಲ್ಲ?" ಇಲ್ಲ. "ಮೀನು?" ಅಯ್ಯೋ, ಇಲ್ಲ. "ಅಣಬೆ?" ಇಲ್ಲ. ಆಚೆಯಿಂದ ಸಣ್ಣ ನಿಟ್ಟುಸಿರು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಪಕ್ಕದಲ್ಲಿ ಕೂತ ಅತ್ತೆ, "ಬಾಣಲೆ ಬೇರೆಯಾ ಕೇಳು" ಎಂದು ತಿವಿದರು. ಕೇಳಿದೆ. ಆ ಕೋಣೆ ಆಗಲೇ ಬುಕ್ ಆಗಿಬಿಟ್ಟಿತ್ತು ಎಂದು ಅವರಿಗೆ ತಟ್ಟನೆ ನೆನಪಾಯಿತು.

ಮೂರು ಮನೆಗಳವರಿಗೆ ಹೀಗೆ ನೆನಪಾದ ಮೇಲೆ ನನಗೆ ಜ್ಞಾನೋದಯವಾಯಿತು. ನಾಲ್ಕನೆಯವರಿಗೆ ಒಂದೇ ಮಾತು ಹೇಳಿದೆ: "ವೀ ಆರ್ ವೀಗನ್."

"ಲವ್ಲಿ!" ಅಂದಿತು ಆಚೆಯ ದನಿ. ಒಂದು ಪ್ರಶ್ನೆ ಇಲ್ಲ, ನಿಟ್ಟುಸಿರಿಲ್ಲ. ಬಾಣಲೆ ಬೇರೆಯೇ ಇಡುತ್ತೇನೆ ಎಂದು ಅವರಾಗಿಯೇ ಹೇಳಿದರು. ನಾಲ್ವರಿಗೆ ಒಂದು ಫ್ಯಾಮಿಲಿ ರೂಮು, ರಾತ್ರಿಗೆ 140 ಪೌಂಡು, ಕಡಿಮೆಯೆಂದರೆ ಎರಡು ರಾತ್ರಿ. ಐದು ಸಾವಿರ ಮೈಲಿ ಆಚೆಯಿಂದ ಬಂದ ಮಡಿ ಮೈಲಿಗೆಯನ್ನೆಲ್ಲ ಈ ದೇಶದವರು ಒಂದೇ ಶಬ್ದದಲ್ಲಿ ಅಡಕ ಮಾಡಿಟ್ಟಿದ್ದಾರಲ್ಲ ಎಂದು ಬೀಗಿದೆ. ಆ ಶಬ್ದದ ಬೆಲೆ ಗೊತ್ತಾದದ್ದು ಆಮೇಲೆ.

ಶನಿವಾರ ಬೆಳಿಗ್ಗೆ ಹೊರಟೆವು. ಎಂ 6 ಹೆದ್ದಾರಿಯ ಟೀಬೇಯಲ್ಲಿ ಬಾತುಕೋಳಿ ಕೊಳದ ಎದುರು ಕೂತು ಚಿತ್ರಾನ್ನ, ಮೊಸರನ್ನ ಮುಗಿಸಿದೆವು. ಅತ್ತೆ ಡಬ್ಬಿಯ ತಳದಲ್ಲಿ ಎರಡು ಚಮಚ ಮೊಸರು ಉಳಿಸಿ, ಪುಟ್ಟ ಸ್ಟೀಲ್ ಭರಣಿಗೆ ಹಾಕಿ ಮುಚ್ಚಿದರು. "ಹೆಪ್ಪಿಗೆ" ಎಂದರು. ಹೆಪ್ಪಿಲ್ಲದೆ ಊರು ಬಿಡುವುದು ಅವರ ಪದ್ಧತಿಯಲ್ಲಿಲ್ಲ.

ಕೆಸ್ವಿಕ್ಕಿಗೆ ಎರಡೂವರೆಗೇ ತಲುಪಿದೆವು. ಮನೆಯ ಬಾಗಿಲು ತೆರೆಯುವುದು ನಾಲ್ಕಕ್ಕೆ. ನೆಂಟರು ಬಂದು ಬೀದಿಯಲ್ಲಿ ಕಾರಿನೊಳಗೆ ಕೂತಿರುವ ದೃಶ್ಯವನ್ನು ಅತ್ತೆ ಅರಗಿಸಿಕೊಳ್ಳಲಾಗದೆ ನಿದ್ದೆ ಹೋದರು. ನಾಲ್ಕಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಅರವತ್ತು ದಾಟಿದ, ನಗುಮುಖದ ಹೆಂಗಸು. ಅತ್ತೆ ಚಪ್ಪಲಿ ಬಿಟ್ಟು, ಚಕ್ಕುಲಿ ಡಬ್ಬಿ ಕೊಟ್ಟು, ನಮಸ್ಕಾರ ಮಾಡಿ ಒಳಗೆ ಹೋದರು. ಬುಕಿಂಗ್ ನಂಬರ್ ಹಿಡಿದುಕೊಂಡು ಹಿಂದೆ ನಿಂತಿದ್ದ ಇವರನ್ನು ಯಾರೂ ಕೇಳಲೇ ಇಲ್ಲ.

ಕೋಣೆ ಚೆನ್ನಾಗಿತ್ತು. ಮೇಜಿನ ಮೇಲೆ ಕೆಟಲು, ಬಿಸ್ಕತ್ತು, 'ಏನು ಬೇಕಾದರೂ ಸಂಕೋಚವಿಲ್ಲದೆ ಕೇಳಿ' ಎಂಬ ಕಾರ್ಡು. ಎಲ್ಲರ ಕೋಣೆಯಲ್ಲೂ ಇರುವ ಬೆರಳುದ್ದದ ಹಾಲಿನ ಡಬ್ಬಿಗಳು ಮಾತ್ರ ಇಲ್ಲ. ಅವುಗಳ ಜಾಗದಲ್ಲಿ ಓಟ್ಸ್ ಹಾಲಿನ ಪ್ಯಾಕೆಟ್ಟು. ಅತ್ತೆ ಫ್ಲಾಸ್ಕಿನಲ್ಲಿ ತಂದಿದ್ದ ಡಿಕಾಕ್ಷನ್ನಿಗೆ ಅದನ್ನು ಬೆರೆಸಿ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟರು.

"ಇದು ಕಲಗಚ್ಚು ಮಾರಾಯ್ತಿ. ದನಕ್ಕೆ ಕೊಡೋದು. ದನ ಕುಡಿದು ನಮಗೆ ಹಾಲು ಕೊಡ್ತದೆ. ಇವರು ದನಾನೇ ಬಿಟ್ಟು ನೇರ ನಮಗೇ ಕೊಡ್ತಿದಾರಲ್ಲ!"

ಬೆಳಿಗ್ಗೆ ಊಟದ ಕೋಣೆಯಲ್ಲಿ ಆರು ಮೇಜು, ಹನ್ನೆರಡು ಜನ, ಒಂದು ಪಿಸುಮಾತು. ಇಂಗ್ಲಿಷರು ತಿಂಡಿ ತಿನ್ನುವುದು ಲೈಬ್ರರಿಯಲ್ಲಿ ಓದಿದ ಹಾಗೆ. ಟೋಸ್ಟನ್ನು ಬೇಗ ಆರಿಸಲೆಂದೇ ಕಂಡುಹಿಡಿದ ಕಂಬಿಯ ಗೂಡಿನಲ್ಲಿ ಟೋಸ್ಟು ನಿಂತಿತ್ತು. ಬೀನ್ಸ್ ಇದೆ ಎಂದು ಕೇಳಿ ಹುರುಳಿಕಾಯಿ ಪಲ್ಯಕ್ಕೆ ಕಾದಿದ್ದ ಅತ್ತೆಯ ಮುಂದೆ ಸಿಹಿ ಟೊಮೆಟೊ ರಸದಲ್ಲಿ ತೇಲುವ ಕಾಳು ಬಂತು. ಅಷ್ಟರಲ್ಲಿ ಪಕ್ಕದ ಮೇಜಿಗೆ ಈ ಸೀಮೆಯ ಪ್ರಸಿದ್ಧ ಕಂಬರ್ಲೆಂಡ್ ಸಾಸೇಜು ಬಂತು. ಅದನ್ನು ತುಂಡು ಮಾಡುವುದಿಲ್ಲ, ಉದ್ದಕ್ಕೆ ಬಿಟ್ಟು ಸುರುಳಿ ಸುತ್ತುತ್ತಾರೆ.

"ಅವರಿಗೆ ಜಿಲೇಬಿ ಕೊಟ್ಟಿದಾರೆ, ನಮಗ್ಯಾಕಿಲ್ಲ?" ಅತ್ತೆಯ ದನಿ ಹನ್ನೆರಡು ಜನರಿಗೂ ಕೇಳಿತು.

ಮಗಳು ತಣ್ಣಗೆ, "ಅಜ್ಜೀ, ಆ ಜಿಲೇಬಿಗೆ ಮೊದಲು ನಾಲ್ಕು ಕಾಲಿತ್ತು" ಅಂದಳು.

ನನ್ನನ್ನು ಕೊಂದದ್ದು ಅದಲ್ಲ, ಮನೆಯೊಡತಿಯ ಅಕ್ಕರೆ. ನಮಗಾಗಿ ಹಾಲಿಲ್ಲದ ಬೆಣ್ಣೆ ಹುಡುಕಿಕೊಂಡು ಹದಿನೇಳು ಮೈಲಿ ದೂರದ ಪೆನ್ರಿತ್‌ಗೆ ಹೋಗಿ ಬಂದಿದ್ದರಂತೆ. ಅಷ್ಟು ಕೇಳಿದ ಮೇಲೆ "ನಾವು ತುಪ್ಪದಲ್ಲೇ ಬೆಳೆದವರು" ಎಂದು ಬಾಯಿ ಬಿಡುವುದು ಹೇಗೆ? ಆ ಸಂಜೆ ಅಂಗಡಿಯಿಂದ ನೀಲಿ ಮುಚ್ಚಳದ ಎರಡು ಪೈಂಟ್ ಗಟ್ಟಿ ಹಾಲು ತಂದು, ಮಗಳ ರೇನ್‌ಕೋಟಿನೊಳಗೆ ಅಡಗಿಸಿ ಮಹಡಿ ಹತ್ತಿದೆವು. ಈ ದೇಶದ ಬೇಸಿನ್ನುಗಳಲ್ಲಿ ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ. ಒಂದು ಸುಡುತ್ತದೆ, ಇನ್ನೊಂದು ಕೊರೆಯುತ್ತದೆ. ಇದೆಂಥ ಏರ್ಪಾಡೆಂದು ಹತ್ತು ವರ್ಷ ಬೈದಿದ್ದೆ. ಅತ್ತೆ ಸುಡುವ ನೀರನ್ನು ಬೇಸಿನ್ನಿಗೆ ತುಂಬಿ, ಅದರಲ್ಲಿ ಸ್ಟೀಲ್ ಡಬ್ಬಿ ಇಟ್ಟು ಹಾಲು ಬೆಚ್ಚಗೆ ಮಾಡಿ, ಹೆಪ್ಪು ಹಾಕಿ, ಮನೆಯವರದೇ ದಪ್ಪ ಟವೆಲಿನಲ್ಲಿ ಸುತ್ತಿ, ಬಚ್ಚಲಲ್ಲಿ ಟವೆಲ್ ಕಾಯಿಸಲು ಇಟ್ಟಿದ್ದ ಬಿಸಿ ಕಂಬಿಯ ಮೇಲೆ ಕೂರಿಸಿದರು. ರಾತ್ರಿ ಮೊಸರಿನ ಕನಸು ಬಿದ್ದಿರಬೇಕು, ಗೊರಕೆ ಕೂಡ ತೃಪ್ತಿಯಾಗಿತ್ತು.

ಸೋಮವಾರ ಬೆಳಿಗ್ಗೆ ಡಬ್ಬಿಯನ್ನು ಅಲ್ಲೇ ಬಿಟ್ಟು ತಿಂಡಿಗೆ ಇಳಿದೆವು. ಹೊರಗೆ ಮಳೆ. ಮನೆಯೊಡತಿ ತಾವೇ ಸುರಿಸಿದವರ ಹಾಗೆ ಕ್ಷಮೆ ಕೇಳಿದರು. ಇಲ್ಲೇ ಹತ್ತಿರದ ಸೀತ್‌ವೇಟ್ ಎಂಬ ಹಳ್ಳಿ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆಯ ಜನವಸತಿಯಂತೆ, ವರ್ಷಕ್ಕೆ 3,500 ಮಿ.ಮೀ. ಅಂತ. ಮಗಳು ಕನ್ನಡಕ್ಕೆ ತಿರುಗಿಸಿ ಹೇಳಿದ್ದೇ ತಡ, ಅತ್ತೆಯ ಮುಖ ಅರಳಿತು. "ನಮ್ಮ ಆಗುಂಬೆಗೆ 7,000ಕ್ಕೂ ಮೇಲೆ ಅಂತ ಹೇಳು. ಇದು ಮಳೆ ಅಲ್ಲ, ಆಕಾಶ ಸೀನಿದ್ದು ಅಂತ ಹೇಳು." ಮಗಳು ಹೇಳಿದಳು. ಮನೆಯೊಡತಿ ಕುರ್ಚಿ ಎಳೆದು ಅತ್ತೆಯ ಪಕ್ಕದಲ್ಲೇ ಕೂತರು. ಮಳೆಯ ಊರಿನವರು ಇಬ್ಬರು, ಭಾಷೆ ಎರಡು, ಜಿಗಣೆಯಿಂದ ಒಣಗದ ಬಟ್ಟೆಯವರೆಗೆ ಮಾತು ನಡೆಯಿತು.

ಆಮೇಲೆ ಕೋಣೆ ನೋಡಲೆಂದು ಮೇಲೆ ಹೋದವರು ಮೆಟ್ಟಿಲಲ್ಲೇ ನಿಂತು, ಟವೆಲಿನಲ್ಲಿ ಸುತ್ತಿದ್ದು ಏನೋ ಇದೆ, ಔಷಧಿಯಿರಬೇಕೆಂದು ನಾನು ಮುಟ್ಟಲಿಲ್ಲ ಎಂದರು.

"ಯೋಗರ್ಟ್," ಅಂದಳು ಮಗಳು.

"ಓಟ್ಸಿನದಾ?"

ನಾನು ಮಗಳ ಕಡೆ ನೋಡಿದೆ. ಸುಳ್ಳು ಹೇಳಬಾರದೆಂದು ಹನ್ನೆರಡು ವರ್ಷ ಹೇಳಿಕೊಟ್ಟವಳು ನಾನೇ.

"ಇಲ್ಲ, ಹಸುವಿನದು."

ಮತ್ತೆ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಫೋನು, ನಿಟ್ಟುಸಿರು, ಬಾಣಲೆ, ರೇನ್‌ಕೋಟು. ಆಕೆ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕರು. ಫ್ರಿಜ್ಜಿನ ತುಂಬ ಹಾಲಿದೆ, ಕಾರ್ಡಿನಲ್ಲಿ ಬರೆದೂ ಇಟ್ಟಿದ್ದೆ, ಕೇಳಬಾರದಿತ್ತೇ ಎಂದರು. ಅದನ್ನು ಅತ್ತೆಗೆ ಹೇಳಿದೆ.

"ನೆಂಟರ ಮನೇಲಿ ಬಾಯಿಬಿಟ್ಟು ಕೇಳೋದುಂಟಾ?"

"ದುಡ್ಡು ಕೊಡ್ತಿದೀವಿ ಅತ್ತೆ."

"ದುಡ್ಡು ಹೋಟ್ಲಿಗೆ. ಇದು ಮನೆ. ಗೋಡೆ ಮೇಲೆ ಅವಳ ಮದುವೆ ಫೋಟೋ ಇದೆ, ನೋಡಲಿಲ್ವಾ?"

ನಮ್ಮ 14 ಕಾಲಮ್ಮುಗಳೂ ಎಡವಿದ್ದು ಇಲ್ಲೇ. ಗಿರಾಕಿಯಾಗಿ ಹೋದರೆ ಜೋರು ಮಾಡಿ ಕೇಳುವುದು ನಮಗೆ ಗೊತ್ತು. ನೆಂಟರಾಗಿ ಹೋದರೆ 'ಸಾಕು, ಸಾಕು' ಎನ್ನುತ್ತ ಬಡಿಸಿದ್ದನ್ನು ಉಣ್ಣುವುದೂ ಗೊತ್ತು. ದುಡ್ಡು ಕೊಟ್ಟು ನೆಂಟರಾಗುವುದನ್ನು ನಮಗೆ ಯಾರೂ ಕಲಿಸಿಲ್ಲ.

ಹೊರಡುವ ಮೊದಲು ಅತ್ತೆ ನಿಜವಾದ ಹಾಲು ಹಾಕಿ ಇಬ್ಬರಿಗೂ ಕಾಫಿ ಬೆರೆಸಿದರು. ಮನೆಯೊಡತಿ ಮೊಸರಿನ ರುಚಿ ನೋಡಿದರು, ಮಾರ್ಮಲೇಡ್ ಕಲಸಿಕೊಂಡು. ಅತ್ತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಆಕೆಗೆ ಕುಂಕುಮ ಇಟ್ಟು, ರವಿಕೆ ಕಣ ಕೊಟ್ಟು, ಎರಡು ಚಮಚ ಮೊಸರನ್ನು ಒಂದು ಬಟ್ಟಲಲ್ಲಿ ಬಿಟ್ಟು, ಹೆಪ್ಪು ಹಾಕುವ ಕ್ರಮವನ್ನು ಮಗಳ ಕೈಯಲ್ಲಿ ಬರೆಸಿ ಕೊಟ್ಟರು. ಇವರು ಕಾರ್ಡ್ ಉಜ್ಜಿ 280 ಪೌಂಡ್ ಕೊಟ್ಟರು.

ಕಾರು ಹತ್ತಿದ ಮೇಲೆ ಅತ್ತೆ ಕೇಳಿದರು, "ಕುಂಕುಮ ತಗೊಂಡ ಮೇಲೂ ದುಡ್ಡು ತಗೊಂಡ್ಲಾ?"

"ತಗೊಂಡ್ರು."

"ಎಷ್ಟು?"

ರೂಪಾಯಿಯಲ್ಲಿ ಮೂವತ್ತು ಸಾವಿರ ದಾಟಿತ್ತು. ಯಾರೂ ಹೇಳಲಿಲ್ಲ.

ನೀವೂ ರಜೆಗೆ ಬಿ ಅಂಡ್ ಬಿ ಹುಡುಕುತ್ತಿದ್ದರೆ ನಕ್ಷತ್ರ ನೋಡಿ, ಮೆಟ್ಟಿಲು ಎಣಿಸಿ, ಬೇಡ ಅನ್ನುವುದಿಲ್ಲ. ಆದರೆ ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಎಂಬುದನ್ನು ನಿಟ್ಟುಸಿರಿಗೆ ಹೆದರದೆ ಉದ್ದಕ್ಕೂ ಹೇಳಿ. ಒಂದೇ ಶಬ್ದದಲ್ಲಿ ಮುಗಿಸಲು ಹೋಗಬೇಡಿ. ಬಚ್ಚಲಲ್ಲಿ ಟವೆಲ್ ಕಾಯಿಸುವ ಕಂಬಿ ಇದೆಯೇ ಎಂದು ಕೇಳಿ. ಇವರ ಪಟ್ಟಿಯಲ್ಲಿ ಈಗ ಅದು 15ನೆಯ ಕಾಲಮ್ಮು. ಹೆಪ್ಪು ಮಾತ್ರ ಮನೆಯಿಂದಲೇ ಒಯ್ಯಿರಿ. ಕೆಸುವಿನ ಊರಿಗೆ ಹೋಗುವವರಿಗೆ ಅದೂ ಬೇಕಾಗಲಿಕ್ಕಿಲ್ಲ, ಅಲ್ಲಿ ಒಂದು ಮನೆಯಲ್ಲಿ ಇದೆ.