ಅಟ್ಟದ ಮೇಲಿನ ಪಿಂಚಣಿ

ನಮ್ಮ ಭಾವನ ಹುಟ್ಟೂರು ತಿಪಟೂರು. ಇದನ್ನು ಮೊದಲೇ ಹೇಳಿಬಿಡಬೇಕು. ಇಂಗ್ಲೆಂಡಿನ ರೆಡಿಂಗಿಗೆ ಬಂದು ಮೂವತ್ತೇಳು ವರ್ಷವಾದರೂ ಅವರ ತಲೆ ಇನ್ನೂ ಕೊಬ್ಬರಿ ಅಟ್ಟದಲ್ಲೇ ಇದೆ. ತಿಪಟೂರಿನವರು ಕಾಯಿ ಇಳಿಸಿದ ಕೂಡಲೇ ಮಾರುವ ಪೈಕಿಯಲ್ಲ. ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಹತ್ತಿರ ಬಿಟ್ಟು, ಆಮೇಲೆ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗೆ ಲೊಡಲೊಡ ಅಂದರೆ ಉಂಡೆ ಕೊಬ್ಬರಿಯಾಯಿತು, ಹರಾಜಿಗೆ ಹೋಗಬಹುದು. ಸದ್ದಿಲ್ಲವೋ, ಕಾಯಿ ವಾಪಸ್ ಅಟ್ಟಕ್ಕೆ.

ಭಾವನಿಗೆ 2023ರಲ್ಲಿ 66 ತುಂಬಿತು. ಅದಕ್ಕೆ ಎರಡು ತಿಂಗಳು ಮುಂಚೆಯೇ ಬ್ರಿಟಿಷ್ ಸರ್ಕಾರದ ಕಾಗದ ಬಂತು: ನಿಮಗೆ ಸ್ಟೇಟ್ ಪೆನ್ಷನ್ ಪಡೆಯುವ ವಯಸ್ಸಾಯಿತು, ಬೇಕಿದ್ದರೆ ಕೇಳಿಕೊಳ್ಳಿ. ಅಕ್ಕ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಭಾವ ಕಾಗದವನ್ನು ಎರಡು ಸಲ ಓದಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಹಿಂದೆ ನಿಲ್ಲಿಸಿ ಆಫೀಸಿಗೆ ಹೊರಟರು. ಕಾಗದ ಇವತ್ತಿಗೂ ಅಲ್ಲೇ ಇದೆ. ಭಾವ ಇವತ್ತಿಗೂ ಆಫೀಸಿಗೆ ಹೋಗುತ್ತಿದ್ದಾರೆ.

ಆ ದೇಶದ ಪಿಂಚಣಿ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ, ಕೇಳಬೇಕು. ಕೇಳದಿದ್ದರೆ ಮುಂದೂಡಿದ್ದೀರಿ ಅಂತಲೇ ಲೆಕ್ಕ. ಮುಂದೂಡಿದ ಪ್ರತಿ ಒಂಬತ್ತು ವಾರಕ್ಕೆ ಪಿಂಚಣಿ ಶೇಕಡಾ 1ರಷ್ಟು ಏರುತ್ತದೆ, ವರ್ಷಕ್ಕೆ ಹೆಚ್ಚುಕಡಿಮೆ 5.8. "ನಮ್ಮೂರಲ್ಲಿ ಫಾರಂ ತುಂಬಿ ತುಂಬಿ ಚಪ್ಪಲಿ ಸವೆಸಿದರೂ ಏನೂ ಹುಟ್ಟೋದಿಲ್ಲ ಕಣಯ್ಯ. ಇಲ್ಲಿ ನೋಡು, ಫಾರಂ ತುಂಬದೆ ಸುಮ್ಮನೆ ಕೂತಿದ್ದಕ್ಕೆ ದುಡ್ಡು ಕೊಡ್ತಾರೆ!" ಅನ್ನುವಾಗ ಭಾವನ ಕಣ್ಣು ತುಂಬಿ ಬರುತ್ತದೆ.

ಅಂದಿನಿಂದ ಆ ಮನೆಯಲ್ಲಿ ಕಾಲದ ಅಳತೆಯೇ ಬದಲಾಯಿತು. ಊರಿಂದ ತರಿಸಿದ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಪ್ರತಿ ಒಂಬತ್ತನೇ ಸೋಮವಾರಕ್ಕೆ ಕೆಂಪು ಸುತ್ತು. ನಿಜವಾಗಿ ಮೊದಲ ಒಂಬತ್ತು ದಾಟಿದ ಮೇಲೆ ಏರಿಕೆ ವಾರವಾರಕ್ಕೂ ಸೇರುತ್ತ ಹೋಗುತ್ತದೆ. ಆದರೂ ಭಾವನಿಗೆ ಒಂಬತ್ತರ ಕಟ್ಟು ಕಟ್ಟಿದರೇ ಸಮಾಧಾನ, ಡಜನ್ ಲೆಕ್ಕದಲ್ಲೇ ಬಾಳೆಹಣ್ಣು ಕೊಳ್ಳುವವರ ಹಾಗೆ. ಸೋಫಾದ ಸ್ಪ್ರಿಂಗ್ ಮೇಲೆದ್ದಿದೆ ಅಂದರೆ "ಈ ಕಟ್ಟು ಮುಗೀಲಿ" ಅನ್ನುತ್ತಾರೆ. ದೀಪಾವಳಿಗೆ ನಾನು ಕೊಟ್ಟ ಅಂಗಿ ಗುಂಡುಪಿನ್ನಿನ ಸಮೇತ ಬೀರುವಿನಲ್ಲಿದೆ. ಮೈಸೂರು ಪಾಕಿನ ಡಬ್ಬಿಯನ್ನು "ಯಾರಾದರೂ ಬರಲಿ" ಅಂತ ಎತ್ತಿಟ್ಟು, ಯಾರಾದರೂ ಬಂದಾಗ "ಇನ್ನೂ ಯಾರಾದರೂ ಬರಬಹುದು" ಅಂತ ಕಾದು, ಕೊನೆಗೆ ಅದನ್ನು ಒಡೆಯಲು ಒರಳುಕಲ್ಲು ಬೇಕಾಯಿತು. ನೆಂಟರಿಷ್ಟರ ಬಾಯಲ್ಲಿ ಅವರೀಗ 'ಒಂಬತ್ತು ವಾರದ ಭಾವ'.

ಹಾಗಂತ ಅವರನ್ನು ದಡ್ಡ ಅನ್ನುವಂತಿಲ್ಲ. ಕಷ್ಟ ಇರುವುದೇ ಅಲ್ಲಿ: ಅವರ ಲೆಕ್ಕ ಸರಿಯಾಗಿದೆ. ಒಂದು ಭಾನುವಾರ ಅಡುಗೆಮನೆ ಟೇಬಲ್ಲಿನ ಮೇಲೆ, ಹುರುಳಿಕಾಯಿ ಸಿಪ್ಪೆಯ ಪಕ್ಕದಲ್ಲಿ, ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ನನಗೆ ಪಾಠ ಮಾಡಿದರು. 35 ವರ್ಷ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದವರಿಗೆ ಪೂರ್ತಿ ಪಿಂಚಣಿ, 2025-26ರ ದರದಲ್ಲಿ ವಾರಕ್ಕೆ 230.25 ಪೌಂಡ್. ಒಂದು ವರ್ಷ ಬಿಟ್ಟರೆ ಹೋಗುವುದು 11,973 ಪೌಂಡ್. ಆಮೇಲೆ ಬದುಕಿರುವಷ್ಟು ಕಾಲ ವಾರಕ್ಕೆ 13 ಪೌಂಡಿನ ಮೇಲೆ ಹೆಚ್ಚಿಗೆ. ಬಿಟ್ಟದ್ದು ಕೈಸೇರಲು ಸುಮಾರು 17 ವರ್ಷ.

"ಹದಿನೇಳು ವರ್ಷವಾ ಭಾವ?"

"ತಾಳಯ್ಯ. ನಾನಿನ್ನೂ ಸಂಬಳದವನು. ಈಗ ತಗೊಂಡರೆ ಪಿಂಚಣಿ ಸಂಬಳದ ಮೇಲೆ ಕೂತುಕೊಳ್ಳುತ್ತೆ, ನೂರಕ್ಕೆ ನಲವತ್ತು ತೆರಿಗೆಗೆ ಹೋಗುತ್ತೆ. ಕೆಲಸ ಬಿಟ್ಟ ಮೇಲೆ ತಗೊಂಡರೆ ಇಪ್ಪತ್ತೇ. ಹಾಗೆ ನೋಡಿದರೆ ಹದಿನೇಳು ಹೋಗಿ ಹದಿಮೂರಾಗುತ್ತೆ." ಪೆನ್ನಿನಿಂದ ಹದಿಮೂರಕ್ಕೆ ಎರಡು ಸುತ್ತು ಹಾಕಿದರು.

ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಲೇ ಕೇಳಿದಳು: "ರೀ, ನೀವು ತಗೊಳ್ಳೋದು ಯಾವಾಗ?"

"ಎಪ್ಪತ್ತಕ್ಕೆ. 1909ರ ಜನವರಿ 1ರಂದು ಈ ದೇಶದಲ್ಲಿ ಮೊದಲ ಸಲ ಪಿಂಚಣಿ ಕೊಟ್ಟಾಗ ಎಪ್ಪತ್ತಾದವರಿಗೇ ಕೊಟ್ಟಿದ್ದು. ಅದೂ ವಾರಕ್ಕೆ ಹೆಚ್ಚೆಂದರೆ 5 ಶಿಲ್ಲಿಂಗ್. ಅದನ್ನು ತಂದ ಮಂತ್ರಿ ಲಾಯ್ಡ್ ಜಾರ್ಜ್ ಏನು ದಡ್ಡನಾ?"

"ಎಪ್ಪತ್ತೂ ಹದಿಮೂರೂ ಎಂಬತ್ತಮೂರು. ಲಾಭ ಶುರುವಾಗೋದು ಆಮೇಲೆ. ಅಷ್ಟರಲ್ಲಿ ನೀವು ಹೋದಿರಿ ಅಂತಿಟ್ಟುಕೊಳ್ಳಿ, ಈ ಏರಿದ ದುಡ್ಡು ನನಗೆ ಬರುತ್ತಾ?"

ಬರುವುದಿಲ್ಲ. 2016ರ ಏಪ್ರಿಲ್ 6ರಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಮುಂದೂಡಿ ಗಳಿಸಿದ ಏರಿಕೆ ಹೆಂಡತಿಗೆ ದಾಟುವುದಿಲ್ಲ. ಭಾವ ತಲೆ ಎತ್ತದೆ ಹೇಳಿದರು: "ಅದಕ್ಕೇ ಹೋಗೋದನ್ನೂ ಮುಂದಕ್ಕೆ ಹಾಕಿದೀನಿ."

ಆ ಏಪ್ರಿಲ್ 6 ಅವರ ಪಾಲಿಗೆ ಮಾಸದ ಗಾಯ. ಅದಕ್ಕೂ ಮುಂಚೆ ಪಿಂಚಣಿ ವಯಸ್ಸು ಮುಟ್ಟಿದವರಿಗೆ ಐದು ವಾರಕ್ಕೇ ಶೇಕಡಾ 1, ವರ್ಷಕ್ಕೆ 10.4. ಯುಗಾದಿ ಊಟದ ಸಾಲಿನಲ್ಲಿ ಅಂಥ ಹಿರಿಯರೊಬ್ಬರು ಸಿಕ್ಕಿಬಿಟ್ಟರೆ ಭಾವನ ಬೇವುಬೆಲ್ಲದಲ್ಲಿ ಬರೀ ಬೇವು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಐದು ವಾರದವರು, ಅದೃಷ್ಟವಂತರು" ಅಂತ ನನ್ನ ಕಿವಿಯಲ್ಲಿ ಅನ್ನುತ್ತಾರೆ, ಮದುವೆಮನೆಯಲ್ಲಿ ಹುಡುಗಿ ಕಡೆಯವರು, ಹುಡುಗನ ಕಡೆಯವರು ಅಂದ ಹಾಗೆ.

ಕೆಲಸ ಬಿಡಿ ಅಂತ ಕಂಪನಿಯವರೂ ಹೇಳುವುದಿಲ್ಲ. 65 ಆಯಿತು ಅಂತಷ್ಟೇ ಮನೆಗೆ ಕಳಿಸುವ ನಿಯಮ 2011ರಲ್ಲೇ ಹೋಯಿತು. ಮೇಲಾಗಿ ಪಿಂಚಣಿ ವಯಸ್ಸು ದಾಟಿದ ನೌಕರನ ಸಂಬಳದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಹಿಡಿಯುವಂತಿಲ್ಲ. ಆ ಸಾಲು ಖಾಲಿಯಾದ ಮೊದಲ ಸಂಬಳದ ಚೀಟಿಯನ್ನು ಭಾವ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ, ಮೊಮ್ಮಗಳು ಬರೆದ ಆನೆಯ ಚಿತ್ರಕ್ಕಿಂತ ಒಂದು ಗೇಣು ಮೇಲೆ.

ಒಮ್ಮೆ ಲಂಡನ್ನಿಗೆ ಕರೆದುಕೊಂಡು ಹೋಗಿದ್ದರು. ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ದಡಕ್ಕೆ, 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆಯ ಮುಂದೆ ಕೈಮುಗಿದು ನಿಂತು, "ನೋಡು, ವಯಸ್ಸಾಯ್ತು ಕಾಯಕ ಬಿಡು ಅಂತ ಇವರೆಲ್ಲೂ ಹೇಳಿಲ್ಲ" ಅಂದರು.

"ದಾಸೋಹ ಅಂತಲೂ ಹೇಳಿದಾರೆ. ಅಂದರೆ ಕೈಬಿಚ್ಚು ಅಂತ," ಅಂದಳು ಅಕ್ಕ. ಭಾವ ನದಿಯ ಕಡೆ ತಿರುಗಿಕೊಂಡರು.

ಅಕ್ಕನ ಆಸೆ ದೊಡ್ಡದೇನಲ್ಲ. ತಿಪಟೂರಿನ ಮನೆಯ ಹೆಂಚು ಸರಿಮಾಡಿಸಿ, ಜಗಲಿ ಮೇಲೆ ಕೂತು, ಅಲ್ಲೇ ಉಳಿದ ಕಾಲ ಕಳೆಯಬೇಕು. ಅದಕ್ಕೂ ಭಾವನ ಹತ್ತಿರ ನಿಯಮ ಸಿದ್ಧ: ಬ್ರಿಟನ್ನಿನಲ್ಲಿದ್ದರೆ ಪಿಂಚಣಿ ವರ್ಷವರ್ಷ ಏರುತ್ತದೆ. ಭಾರತದಲ್ಲಿ ನೆಲೆಸಿದರೆ ವಾರ್ಷಿಕ ಏರಿಕೆ ನಿಂತು, ದರ ಇದ್ದಲ್ಲೇ ಇರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಚಿಗುರುವ ದುಡ್ಡು ತಿಪಟೂರಿನ ಬಿಸಿಲಲ್ಲಿ ಹೆಪ್ಪುಗಟ್ಟುವುದು ಅಕ್ಕನಿಗೆ ಇನ್ನೂ ಅರ್ಥವಾಗದ ಸೃಷ್ಟಿವೈಚಿತ್ರ್ಯ.

ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುವ ಗಾದೆಯಲ್ಲಿ ತಪ್ಪೆಲ್ಲ ವಿಧಿಯದು. ನಮ್ಮ ಭಾವ ಕಡಲೆಯೂ ಇದ್ದು ಹಲ್ಲೂ ಇದ್ದು, ಹಲ್ಲು ಬೀಳುವ ಹೊತ್ತಿಗೆ ಕಡಲೆ ಶೇಕಡಾ 23 ಜಾಸ್ತಿಯಾಗುತ್ತದೆ ಅಂತ ಡಬ್ಬಿ ಮುಚ್ಚಿಟ್ಟವರು.

"ಅಟ್ಟದ ಮೇಲಿದ್ದರೆ ಬೆಲೆ ಕಣೇ," ಅಂತ ಅವರು ಅಂದಾಗಲೆಲ್ಲ ಅಕ್ಕ, "ಜಾಸ್ತಿ ದಿನ ಬಿಟ್ಟರೆ ಕೌಟೂ ಆಗುತ್ತೆ," ಅನ್ನುತ್ತಾಳೆ. ಅವಳೂ ತಿಪಟೂರಿನ ಸೊಸೆಯೇ ತಾನೆ.

ಮೊನ್ನೆ ಹೋಗಿದ್ದೆ. ಭಾವ ಆಫೀಸಿನಿಂದ ಬಂದು ಬಟ್ಟೆ ಬದಲಿಸಲು ಮೆಟ್ಟಿಲು ಹತ್ತುತ್ತಿದ್ದರು. ನಾಲ್ಕನೇ ಮೆಟ್ಟಿಲಲ್ಲಿ ಮಂಡಿ ಲಟಕ್ಕೆಂದಿತು. ಅಡುಗೆಮನೆವರೆಗೂ ಕೇಳಿಸುವಂಥ ಸದ್ದು.

"ಕೇಳಿಸ್ತೇನೋ?" ಅಕ್ಕ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು. "ಕಾಯಿ ಒಳಗೆ ಸದ್ದು ಬಂತು. ಇನ್ನು ಇಳಿಸಬಹುದು ಅಂತ ನಿಮ್ಮ ಭಾವನಿಗೆ ಹೇಳು."

ಭಾವ ಅಲ್ಲೇ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ದೇವರ ಗೂಡಿನ ಕಡೆ ನೋಡಿದರು. ಪ್ಲಾಸ್ಟಿಕ್ ಕವರು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಈ ಸಲ ಕರಗಿದರು ಅಂದುಕೊಂಡೆ.

"ಎಷ್ಟನೇ ವಾರ ಭಾವ?" ಮೆಲ್ಲಗೆ ಕೇಳಿದೆ.

"ಏಳು," ಅಂದರು. ಗೋಡೆ ಹಿಡಿದು ಎದ್ದು ಐದನೇ ಮೆಟ್ಟಿಲಿಗೆ ಕಾಲಿಟ್ಟರು. "ಇನ್ನೆರಡೇ ತಾನೆ."